ಹಾಲು, ಪಾಲು ಮತ್ತು ನಮ್ಮಪ್ಪನ ಕಿವಿ

ಶರಣ ಮೌನಪ್ಪಯ್ಯನ ಊರಿಗೆ ಕರೆಸಿ, ಕಿವಿಯ ಬಗ್ಗೆ ಮಾತಾಡಿ ಅಂದಿದ್ದೀರಿ. ಕೃಷ್ಣೆಯ ಸೇತುವೆ ದಾಟುವಾಗ ಅದನ್ನೇ ಯೋಚಿಸುತ್ತಿದ್ದೆ. ಶರಣರ ಮೌನ ಅವರಾಗಿಯೇ ಹಿಡಿದದ್ದು. ನಮ್ಮ ಮನೆಯ ಮೂಲೆಯಲ್ಲಿ ಕೂತ ಮುತ್ಯಾನ ಮೌನ ಅವನು ಕೇಳಿ ಪಡೆದದ್ದಲ್ಲ.

ನಾನು ವೈದ್ಯನಲ್ಲ, ಕನ್ನಡ ಮಾಸ್ತರ. ಈ ವಿಷಯ ನನಗೆ ಅಂಟಿಕೊಂಡದ್ದು ನಮ್ಮಪ್ಪನಿಂದ. ಆಗ ಅವನಿಗೆ ಎಪ್ಪತ್ತು ದಾಟಿತ್ತು, ಮನೆಯಲ್ಲಿ ಎರಡು ಎಮ್ಮೆ ಇದ್ದವು. ಒಂದು ಸಂಜೆ ನನ್ನ ಹೆಂಡತಿ ಮೈದುನನನ್ನು ಕೇಳಿದಳು: “ಇವತ್ತ ಹಾಲು ಎಷ್ಟು ಬಂತು?” ಪಡಸಾಲೆಯಲ್ಲಿದ್ದ ಅಪ್ಪನ ಕಿವಿಗೆ ಅದು “ಪಾಲು ಎಷ್ಟು ಬಂತು?” ಅಂತ ಬಿತ್ತು. ಮೂರು ದಿನ ಮುಖ ಗಂಟು ಹಾಕಿಕೊಂಡಿದ್ದ. ನಾಲ್ಕನೇ ದಿನ ತಟ್ಟೆ ಸರಿಸಿ ಎದ್ದು, “ನಾ ಇರೂತನಕ ಹೊಲ ಒಡ್ಯಾಕ ಬಿಡಂಗಿಲ್ಲ” ಅಂದ. ಏನಾಯಿತೆಂದು ನಮಗೆ ತಿಳಿಯಲು ಮತ್ತೆರಡು ದಿನ ಬೇಕಾಯಿತು.

ಹಳಗನ್ನಡದಲ್ಲಿ ಹಾಲಿಗೆ ‘ಪಾಲ್’ ಅಂತಲೇ ಹೆಸರು. ಅಪ್ಪನ ಕಿವಿ ಸಾವಿರ ವರ್ಷ ಹಿಂದಕ್ಕೆ ಹೋಗಿ ಬಂದಿದೆ ಅಂತ ನಾನು ನಗೆಯಾಡಿದೆ. ಅವನು ನಗಲಿಲ್ಲ. ಪೂರ್ತಿ ಕೇಳಿಸಿರಲೂ ಇಲ್ಲ.

ವಯಸ್ಸಾದವರು ಹೇಳುವ ಮಾತು ಒಂದೇ: “ಕೇಳಸ್ತದ, ಆದ್ರ ತಿಳಿಯಂಗಿಲ್ಲ.” ನಾವದನ್ನು ಹಟ ಅಂದುಕೊಳ್ಳುತ್ತೇವೆ. ಹಟವಲ್ಲ, ಕಾರಣ ಕಿವಿಯೊಳಗೇ ಇದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾದ ಒಂದು ಅಂಗ, ಅದರೊಳಗೆ ಸಣ್ಣ ಕೂದಲಿನಂಥ ಎಳೆಗಳಿರುವ ಕೋಶಗಳಿವೆ. ಚಿಪ್ಪಿನ ಬಾಗಿಲ ಬಳಿಯ ಕೋಶಗಳು ತೆಳುವಾದ ಏರುದನಿಗಳನ್ನು ಹಿಡಿಯುತ್ತವೆ. ಸಾಮಾನ್ಯವಾಗಿ ಮೊದಲು ಸವೆಯುವುದು ಅವೇ, ಸವೆದವು ಮತ್ತೆ ಬೆಳೆಯುವುದಿಲ್ಲ. ಸ್ವರಗಳಿಗೆ ಕಸುವು ಹೆಚ್ಚು, ಹೇಗೋ ಕೇಳಿಸುತ್ತವೆ. ಸ, ತ, ಪ, ಹ ಇಂಥ ವ್ಯಂಜನಗಳು ಕಳಚಿಬೀಳುತ್ತವೆ. ಹಾಲು, ಪಾಲು, ಸಾಲು, ಕಾಲು ಎಲ್ಲ ಒಂದೇ ಆಗುತ್ತದೆ. ನೀವು ಕೂಗಿದರೆ ‘ಆ’ಕಾರ ದೊಡ್ಡದಾಗುತ್ತದೆಯೇ ಹೊರತು ‘ಹ’ಕಾರ ಸ್ಪಷ್ಟವಾಗುವುದಿಲ್ಲ. ಅದಕ್ಕೇ ಎದುರಿಗೆ ಬಂದು, ಮುಖ ಕಾಣುವಂತೆ ನಿಂತು, ನಿಧಾನವಾಗಿ ಹೇಳಬೇಕು.

ಕರ್ನಾಟಕದಲ್ಲಿ ಕಿವಿಯ ಮಾತು ಬಂದರೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯನ್ನು ನೆನೆಯಲೇಬೇಕು. ಅದು 1965ರಲ್ಲಿ ಶುರುವಾಯಿತು. ‘ಎಲ್ಲಿಗೆ’ ನಾಟಕ ಬರೆದ ನ. ರತ್ನ ಅದರ ನಿರ್ದೇಶಕರಾಗಿದ್ದರು. ರಂಗಭೂಮಿಯವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ಕೊನೆಯ ಸಾಲಿಗೆ ಮಾತು ಮುಟ್ಟಿತೋ ಇಲ್ಲವೋ ಅನ್ನುವುದೇ ಅವರ ಚಿಂತೆ. ಇಲ್ಲಿಂದ ಮೈಸೂರು ಐನೂರು ಕಿಲೋಮೀಟರಿಗೂ ಹೆಚ್ಚು. ಅಪ್ಪನನ್ನು ಅಷ್ಟು ದೂರ ಒಯ್ಯಬೇಕಾಗಲಿಲ್ಲ, ಹತ್ತಿರದ ಪಟ್ಟಣದಲ್ಲೇ ಪರೀಕ್ಷೆ ಆಯಿತು. ಮೊದಲು ಕಿವಿಯೊಳಗೆ ದೀಪ ಹಿಡಿದು ಗುಗ್ಗೆ ಕಟ್ಟಿದೆಯೋ ನೋಡಿದರು. ಎಷ್ಟೋ ಮಂದಿಯ ಕಿವುಡು ಅಲ್ಲೇ ಮುಗಿಯುತ್ತದಂತೆ, ತೆಗೆದರೆ ಆಯಿತು. ಆಮೇಲೆ ಕಿವಿಗೆ ಹೆಡ್‌ಫೋನ್ ಹಾಕಿ ಸಣ್ಣ ದೊಡ್ಡ ದನಿ ಕೇಳಿಸಿ, ಒಂದು ನಕ್ಷೆ ಬರೆದುಕೊಟ್ಟರು.

ಹತ್ತಿ ಮಾರಿದ ದುಡ್ಡಿನಲ್ಲಿ ಕಿವಿಯ ಯಂತ್ರ ತಂದೆವು. ಎರಡನೇ ದಿನಕ್ಕೇ ಅದು ಟ್ರಂಕು ಸೇರಿತು. ಫ್ಯಾನಿನ ಗುರ್ರ್, ಪಾತ್ರೆಯ ಸದ್ದು, ತನ್ನದೇ ಚಪ್ಪಲಿಯ ಸಪ್ಪಳ, ಎಲ್ಲ ಒಮ್ಮೆಗೇ ನುಗ್ಗಿ ಅಪ್ಪನಿಗೆ ತಲೆ ಚಿಟ್ಟುಹಿಡಿದಿತ್ತು. ನಾವು ಮೋಸಹೋದೆವು ಅಂದುಕೊಂಡೆವು. ತಜ್ಞರು ಹೇಳಿದ್ದು ಬೇರೆ. ಕನ್ನಡಕ ಹಾಕಿದ ಕೂಡಲೇ ಕಾಣುತ್ತದೆ, ಕಿವಿಯ ಯಂತ್ರ ಹಾಗಲ್ಲ. ವರ್ಷಗಟ್ಟಲೆ ಸದ್ದು ಮರೆತ ಮಿದುಳು ಮತ್ತೆ ಕಲಿಯಬೇಕು. ಮೊದಲು ಮನೆಯೊಳಗೆ ಒಬ್ಬರ ಜೊತೆ, ದಿನಕ್ಕೆ ಒಂದೆರಡು ಗಂಟೆ, ಸಂತೆಗೆ ಆಮೇಲೆ. ಎರಡು ಸಲ ಹೋಗಿ ಹೊಂದಿಸಿಕೊಂಡು ಬಂದೆವು. ಯಾರದೋ ಅಳತೆಗೆ ಹೊಲಿದ ಅಂಗಿಯಂಥ ಅಗ್ಗದ ಡಬ್ಬಿ ತಂದು ಕಿವಿಗೆ ಸಿಕ್ಕಿಸುವವರು ಇದನ್ನು ನೆನಪಿಡಬೇಕು. ಬಡವರಿಗೆ ಕೇಂದ್ರದ ಎಡಿಪ್ ಯೋಜನೆಯಿದೆ, 1981ರಿಂದ. ಅಂಗವಿಕಲತೆಯ ಪ್ರಮಾಣಪತ್ರ ಇದ್ದು, ವರಮಾನ ಮಿತಿಯೊಳಗಿದ್ದರೆ ಯಂತ್ರಕ್ಕೆ ನೆರವು ಸಿಗುತ್ತದೆ.

ಎರಡು ತಿಂಗಳಿಗೆ ಅಪ್ಪ ಕಟ್ಟೆಗೆ ಹೋಗತೊಡಗಿದ. ಮನೆಯಲ್ಲಿ ಜಗಳ ಹೆಚ್ಚಾಯಿತು. ನಗಬೇಡಿ! ಕಿವಿ ಹೋದ ಮನುಷ್ಯನ ಜೊತೆ ಯಾರೂ ಜಗಳ ಆಡುವುದಿಲ್ಲ. ಬೀಜ ಯಾವುದು, ಮದುವೆ ಯಾವಾಗ ಅಂತ ಕೇಳುವುದಿಲ್ಲ. “ಅವಗೇನ್ ಕೇಳಸ್ತದ ಬಿಡು” ಅಂತ ನಾವೇ ಅವನನ್ನು ಮನೆಯ ಲೆಕ್ಕದಿಂದ ತೆಗೆದಿರುತ್ತೇವೆ. ಬದುಕಿನ ಗುಣಮಟ್ಟ ಅಂತ ದೊಡ್ಡವರು ಹೇಳುವುದು ಏನೋ, ನನಗೆ ಕಂಡದ್ದು ಇಷ್ಟು: ಅಪ್ಪನಿಗೆ ತನ್ನ ಮಾತಿನ ಪಾಲು ವಾಪಸು ಬಂತು.

ಯಂತ್ರ ಹಾಕಿಕೊಂಡರೆ ಮರೆವು ಬರುವುದಿಲ್ಲ ಅಂತ ಅಂಗಡಿಯವರು ಹೇಳಿದರೆ ಪೂರ್ತಿ ನಂಬಬೇಡಿ. ಅಮೆರಿಕದಲ್ಲಿ 70ರಿಂದ 84 ವಯಸ್ಸಿನ 977 ಜನರ ಮೇಲೆ ಮೂರು ವರ್ಷ ನಡೆದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎಲ್ಲರನ್ನೂ ಒಟ್ಟಿಗೆ ನೋಡಿದರೆ, ಯಂತ್ರ ಕೊಟ್ಟವರಿಗೂ ಕೊಡದವರಿಗೂ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಮರೆವಿನ ಅಪಾಯ ಮೊದಲೇ ಹೆಚ್ಚಿದ್ದವರಲ್ಲಿ ಮಾತ್ರ ಬುದ್ಧಿಶಕ್ತಿ ಕುಂದುವ ವೇಗ ಶೇ. 48ರಷ್ಟು ತಗ್ಗಿತ್ತು. ನನಗೆ ಅಷ್ಟೇ ಸಾಕು ಅನಿಸುತ್ತದೆ.

ತಾಯಂದಿರಿಗೆ ಒಂದು ಮಾತು. ಮಗುವಿನ ಕಿವಿ ಸೋರಿದರೆ ಎಣ್ಣೆ ಬಿಡಬೇಡಿ, ಬೆಂಕಿಕಡ್ಡಿ ಹಾಕಬೇಡಿ. ಕಿವಿಯ ತಮಟೆ ತೂತಾಗಿದ್ದರೆ ಶಸ್ತ್ರಚಿಕಿತ್ಸೆಯಿಂದ ಮುಚ್ಚುತ್ತಾರೆ. ಚಪ್ಪಾಳೆಗೆ ತಿರುಗದ ಕೂಸನ್ನು “ಅವರಪ್ಪನೂ ತಡವಾಗಿ ಮಾತಾಡಿದ” ಅಂತ ಬಿಡಬೇಡಿ. ಅಕ್ಕನ ಮಗಳನ್ನು ತಂದುಕೊಂಡ ಮನೆಗಳಲ್ಲಿ ಹುಟ್ಟುಕಿವುಡಿನ ಸಾಧ್ಯತೆ ಹೆಚ್ಚು, ಅಲ್ಲಂತೂ ಬೇಗ ತೋರಿಸಿ. ಮಾತು ಕಲಿಯುವ ವಯಸ್ಸು ದಾಟಿದರೆ ಆಮೇಲೆ ಯಂತ್ರ ಇಟ್ಟರೂ ಕಷ್ಟ. ಜಾತ್ರೆಯಲ್ಲಿ ಡಿಜೆ ಪೆಟ್ಟಿಗೆಯ ಮುಂದೆ ಹುಡುಗರು ಕುಣಿಯುವುದನ್ನು ನೋಡಿದಾಗ, ಅವರೆಲ್ಲ ಯಾವಾಗ ಮುತ್ಯಾ ಆಗುತ್ತಾರೋ ಅಂತ ಲೆಕ್ಕ ಹಾಕುತ್ತೇನೆ.

ಪ್ರಶ್ನೆ ಇದ್ದರೆ ಕೇಳಿ. ಹಿಂದಿನವರು ಸ್ವಲ್ಪ ಮುಂದೆ ಬಂದು ಕೇಳಿ. ಹೋದ ವರ್ಷದಿಂದ ನನ್ನ ಎಡಗಿವಿಗೂ ‘ಹ’ ಮತ್ತು ‘ಪ’ ಬೇರೆ ಬೇರೆ ಕೇಳಿಸುತ್ತಿಲ್ಲ. ಪರೀಕ್ಷೆಗೆ ಚೀಟಿ ಮಾಡಿಸಿದ್ದೇನೆ, ಬರುವ ಸೋಮವಾರ.