ಮ್ಯಾನುಯಲ್ ಕಾರಿಗೆ ರಿಮೋಟ್ ಸ್ಟಾರ್ಟ್: ‘ಬೇಡ’ ಅನ್ನೋ ವೈರ್‌ಗಳ ಕಥೆ

ಬೇಸಿಗೆ ಶುರುವಾಯ್ತು ಅಂದ್ರೆ ನನ್ನ ಇನ್‌ಬಾಕ್ಸಿಗೆ ಒಂದೇ ಥರದ ಪ್ರಶ್ನೆಗಳು ಬರೋಕೆ ಶುರುವಾಗ್ತವೆ. ರಾಯಚೂರಿಂದ ಒಬ್ರು, ಕಲಬುರಗಿಯಿಂದ ಒಬ್ರು, ಬೆಂಗಳೂರಿಂದ ಅಂತೂ ತುಂಬಾ ಜನ. ಪ್ರಶ್ನೆ ಇಷ್ಟೇ: “ಬಿಸಿಲಲ್ಲಿ ನಿಂತ ಕಾರೊಳಗೆ ಕೂರೋಕೆ ಆಗಲ್ಲ. ಆನ್‌ಲೈನಲ್ಲಿ ರಿಮೋಟ್ ಸ್ಟಾರ್ಟ್ ಕಿಟ್ ಸಿಗ್ತಾ ಇದೆ. ಗುಂಡಿ ಒತ್ತಿದ್ರೆ ಎಂಜಿನ್ ಸ್ಟಾರ್ಟ್, ಎಸಿ ಆನ್, ಐದು ನಿಮಿಷ ಬಿಟ್ಟು ಹೋಗಿ ಕೂತ್ರೆ ತಂಪು. ನನ್ನದು ಮ್ಯಾನುಯಲ್ ಗೇರ್. ಹಾಕಿಸಬಹುದಾ?”

ಚಿಕ್ಕ ಉತ್ತರ: ಹಾಕಿಸಬಹುದು. ಆದರೆ ಕೆಲವು ಷರತ್ತುಗಳಿವೆ. ಆ ಷರತ್ತುಗಳಲ್ಲಿ ಒಂದು ತಪ್ಪಿದರೂ ಹಾಕಿಸಬೇಡಿ. ದೊಡ್ಡ ಉತ್ತರವೇ ಇವತ್ತಿನ ಸಂಚಿಕೆ.

ಮೊದಲು, ಆಟೊಮ್ಯಾಟಿಕ್ ಕಾರಿಗೂ ಮ್ಯಾನುಯಲ್ ಕಾರಿಗೂ ಇರೋ ವ್ಯತ್ಯಾಸ ನೋಡೋಣ. ಆಟೊಮ್ಯಾಟಿಕ್‌ನಲ್ಲಿ ‘ಪಿ’ ಅಂತ ಒಂದು ಜಾಗ ಇರತ್ತೆ, ಪಾರ್ಕ್. ಅಲ್ಲಿ ಹಾಕಿದ್ರೆ ಎಂಜಿನ್‌ಗೂ ಚಕ್ರಕ್ಕೂ ಸಂಬಂಧ ಇರಲ್ಲ, ಜೊತೆಗೆ ಗೇರ್‌ಬಾಕ್ಸ್ ಒಳಗೇ ಚಕ್ರ ಲಾಕ್ ಆಗಿರತ್ತೆ. ಹಾಗಾಗಿ ರಿಮೋಟಲ್ಲಿ ಸ್ಟಾರ್ಟ್ ಮಾಡಿದ್ರೂ ಕಾರು ನಿಂತಲ್ಲೇ ಇರತ್ತೆ. ಮ್ಯಾನುಯಲ್‌ನಲ್ಲಿ ‘ಪಿ’ ಇಲ್ಲ. ಗೇರು ಫಸ್ಟಲ್ಲಿದೆಯೋ, ರಿವರ್ಸಲ್ಲಿದೆಯೋ, ನ್ಯೂಟ್ರಲ್ಲೋ ಅಂತ ಬಹಳಷ್ಟು ಕಾರುಗಳಿಗೆ ಗೊತ್ತೇ ಆಗಲ್ಲ. ಗೊತ್ತಿರೋದು ನಿಮಗೆ ಮಾತ್ರ. ಅದೂ ನೆನಪಿದ್ರೆ.

ಈಗ ನಮ್ಮ ಅಭ್ಯಾಸ ನೋಡಿ. ಡ್ರೈವಿಂಗ್ ಸ್ಕೂಲಲ್ಲಿ ಏನು ಹೇಳಿಕೊಟ್ರು? ಇಳಿಜಾರಲ್ಲಿ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳಿ, ಜೊತೆಗೆ ಗೇರಲ್ಲಿ ಬಿಡು. ಸರಿಯಾದ ಪಾಠ ಅದು. ಎಷ್ಟೋ ಜನ ಸಮತಟ್ಟು ಜಾಗದಲ್ಲೂ ಗೇರಲ್ಲೇ ಬಿಡ್ತಾರೆ. ಅಂಥ ಕಾರಿನ ಸ್ಟಾರ್ಟರ್ ಮೋಟಾರಿಗೆ ದೂರದಿಂದ ಕರೆಂಟ್ ಕೊಟ್ರೆ ಏನಾಗತ್ತೆ? ಕ್ಲಚ್ ಒತ್ತಿರಲ್ಲ. ಎಂಜಿನ್ ಜೊತೆ ಚಕ್ರಾನೂ ತಿರುಗತ್ತೆ, ಕಾರು ಮುಂದಕ್ಕೆ ಜಿಗಿಯತ್ತೆ.

“ಸ್ಟಾರ್ಟರ್ ಮೋಟಾರಿಗೆ ಕಾರು ಎಳೆಯೋ ಅಷ್ಟು ಶಕ್ತಿ ಇರತ್ತಾ?” ಅಂತ ಕೇಳ್ತೀರಿ. ಇರತ್ತೆ. ಹಳೇ ಡ್ರೈವರುಗಳನ್ನ ಕೇಳಿ. ರೈಲ್ವೆ ಗೇಟ್ ಮಧ್ಯೆ ಎಂಜಿನ್ ಕೈಕೊಟ್ರೆ ಫಸ್ಟ್ ಗೇರ್ ಹಾಕಿ, ಕ್ಲಚ್ ಒತ್ತದೇ ಬರೀ ಸೆಲ್ಫಲ್ಲೇ ಕಾರನ್ನ ಹಳಿ ದಾಟಿಸೋ ಉಪಾಯ ಅವರಿಗೆ ಗೊತ್ತು. ಅದೇ ಶಕ್ತಿ ಇಲ್ಲಿ ಡ್ರೈವರ್ ಇಲ್ಲದ ಕಾರಿಗೆ ಸಿಗತ್ತೆ. ಅಕಸ್ಮಾತ್ ಎಂಜಿನ್ ಹತ್ತಿಕೊಂಡ್ರೆ ಕಾರು ಹೋಗ್ತಾನೇ ಇರತ್ತೆ. ನಮ್ಮ ಮನೆಗಳ ಮುಂದೆ ಕಾರು ಹೇಗೆ ನಿಂತಿರತ್ತೆ ಅಂತ ಯೋಚಿಸಿ. ಮುಂದೆ ಒಂದಡಿ ಬಿಟ್ಟು ಕಾಂಪೌಂಡ್, ಮಧ್ಯದಲ್ಲಿ ಚೆಂಡು ಹುಡುಕ್ತಾ ಇರೋ ಮಗು. ನೀವು ಮೂರನೇ ಮಹಡಿಯಲ್ಲಿ ನಿಂತು ಗುಂಡಿ ಒತ್ತಿರ್ತೀರಿ.

ಇದಕ್ಕೇ ಈಗಿನ ಅನೇಕ ಕಾರುಗಳಲ್ಲಿ ಕ್ಲಚ್ ಪೆಡಲ್ ಮೇಲೆ ಒಂದು ಸ್ವಿಚ್ ಇರತ್ತೆ. ಕ್ಲಚ್ ಪೂರ್ತಿ ಒತ್ತದೇ ಸ್ಟಾರ್ಟ್ ಆಗಲ್ಲ. ರಿಮೋಟ್ ಸ್ಟಾರ್ಟ್ ಹಾಕೋರು ಮಾಡೋ ಮೊದಲ ಕೆಲಸ ಏನು ಗೊತ್ತಾ? ಆ ಸ್ವಿಚ್‌ಗೆ ಸುಳ್ಳು ಹೇಳೋದು. ಕ್ಲಚ್ ಒತ್ತಿದೆ ಅಂತ ಕಾರಿಗೆ ನಂಬಿಸೋ ವೈರ್ ಕೊಡ್ತಾರೆ. ಬೇರೆ ದಾರಿ ಇಲ್ಲ, ಕಾಲಿಡೋಕೆ ಒಳಗೆ ಯಾರೂ ಇಲ್ವಲ್ಲ. ಅಂದ್ರೆ ಕಂಪನಿಯವರು ಕೊಟ್ಟಿದ್ದ ಒಂದು ಕಾವಲು ತೆಗೆದು ಹಾಕಿದ ಹಾಗಾಯ್ತು. ಆ ಜಾಗಕ್ಕೆ ಇನ್ನೊಂದು ಕಾವಲು ಬರಬೇಕು. ಬರ್ತಾ ಇದೆಯಾ ಇಲ್ವಾ ಅನ್ನೋದೇ ಇಡೀ ವಿಷಯ.

ಒಳ್ಳೇ ಯೂನಿಟ್‌ಗಳಲ್ಲಿ ಆ ಕಾವಲಿಗೆ ರಿಸರ್ವೇಶನ್ ಮೋಡ್ ಅಂತಾರೆ, ಕೆಲವರು ರೆಡಿ ಮೋಡ್ ಅಂತಾರೆ. ಕಾರು ನಿಲ್ಲಿಸುವಾಗಲೇ ಮಾಡಬೇಕಾದ ಕ್ರಮ ಅದು. ಎಂಜಿನ್ ಓಡ್ತಾ ಇರುವಾಗಲೇ ಗೇರ್ ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೀತೀರಿ. ಕ್ಲಚ್, ಬ್ರೇಕ್ ಎರಡರಿಂದಲೂ ಕಾಲು ತೆಗೀತೀರಿ. ಯೂನಿಟ್ ಹೇಳಿದ ಹಾಗೆ ರಿಮೋಟ್ ಒತ್ತಿ ಕೀ ತೆಗೀತೀರಿ. ಎಂಜಿನ್ ಮಾತ್ರ ಓಡ್ತಾನೇ ಇರತ್ತೆ. ಎಲ್ಲರೂ ಇಳಿದು ಬಾಗಿಲು ಹಾಕಿ ಲಾಕ್ ಮಾಡಿದ ಮೇಲೆ ಯೂನಿಟ್ಟೇ ಎಂಜಿನ್ ಆಫ್ ಮಾಡತ್ತೆ.

ಇದರ ಹಿಂದಿನ ತರ್ಕ ನನಗೆ ತುಂಬಾ ಇಷ್ಟ. ಕ್ಲಚ್ಚಿಂದ ಕಾಲು ತೆಗೆದ ಮೇಲೂ ಎಂಜಿನ್ ಓಡ್ತಾ ಇದೆ, ಕಾರು ನಿಂತೇ ಇದೆ ಅಂದ್ರೆ ಗೇರು ನ್ಯೂಟ್ರಲ್ಲಲ್ಲೇ ಇರಬೇಕು. ಗೇರಲ್ಲಿದ್ದಿದ್ರೆ ಆಫ್ ಆಗ್ತಿತ್ತು. ಆಮೇಲೆ ಯಾವ ಬಾಗಿಲೂ ತೆರೆದಿಲ್ಲ ಅಂದ್ರೆ ಯಾರೂ ಗೇರ್ ಮುಟ್ಟಿಲ್ಲ. ಒಂದು ಬಾಗಿಲು ತೆರೆದ್ರೂ ಸಾಕು, ಯೂನಿಟ್ ಆ ರಿಸರ್ವೇಶನ್ ರದ್ದು ಮಾಡತ್ತೆ. ಮತ್ತೆ ಕೀ ಹಾಕಿ ಸ್ಟಾರ್ಟ್ ಮಾಡಿ ಮೊದಲಿಂದ ಕ್ರಮ ಮಾಡೋವರೆಗೂ ರಿಮೋಟ್ ಕೆಲಸ ಮಾಡಲ್ಲ. ನೀರಿನ ಬಾಟಲಿ ಮರೆತು ಒಮ್ಮೆ ಬಾಗಿಲು ತೆರೆದ್ರೂ ರದ್ದು. ಕಿರಿಕಿರಿ ಅನ್ಸತ್ತೆ. ಆದರೆ ನೀವು ದುಡ್ಡು ಕೊಡ್ತಾ ಇರೋದು ಆ ಕಿರಿಕಿರಿಗೇ.

ಇಲ್ಲೇ ನಮ್ಮ ಮಾರುಕಟ್ಟೆಯ ತೊಂದರೆ ಶುರುವಾಗೋದು. ಈ ಸಂಚಿಕೆಗೋಸ್ಕರ ಒಂದು ಆಕ್ಸೆಸರಿ ಅಂಗಡಿಗೆ ಹೋಗಿ ಗಿರಾಕಿ ಥರಾನೇ ಕೇಳಿದೆ: “ಅಣ್ಣಾ, ಗೇರಲ್ಲಿ ಬಿಟ್ರೆ ಏನಾಗತ್ತೆ?” ಅವರು ನಕ್ಕು ಹೇಳಿದ್ರು, “ನೀವು ನ್ಯೂಟ್ರಲ್ ಹಾಕಿ ಇಳೀರಿ ಸರ್, ಅಷ್ಟೇ.” ರಿಸರ್ವೇಶನ್ ಬಗ್ಗೆ ಕೇಳಿದ್ರೆ, “ಅದೆಲ್ಲಾ ಇದ್ರೆ ಗಿರಾಕಿ ವಾಪಸ್ ಬಂದು ರಿಮೋಟ್ ವರ್ಕ್ ಆಗ್ತಿಲ್ಲ ಅಂತಾರೆ. ಅದಕ್ಕೆ ಆಟೊಮ್ಯಾಟಿಕ್ ಮೋಡಲ್ಲಿ ಸೆಟ್ ಮಾಡಿ ಕೊಡ್ತೀವಿ” ಅಂದ್ರು. ಅವರ ಮಾತಲ್ಲಿ ದುರುದ್ದೇಶ ಏನೂ ಇರಲಿಲ್ಲ. ದೂರು ಬರಬಾರದು, ಅಷ್ಟೇ. ಆದರೆ ಹಾಗೆ ಸೆಟ್ ಮಾಡಿದ ಮೇಲೆ ನಿಮ್ಮ ಕಾರಿಗೆ ‘ಪಿ’ ಇದೆ ಅಂತ ಯೂನಿಟ್ ನಂಬಿರತ್ತೆ. ಕೆಲವು ಯೂನಿಟ್‌ಗಳಲ್ಲಿ ಒಂದು ಚಿಕ್ಕ ಲೂಪ್ ವೈರ್ ಕತ್ತರಿಸಿದ್ರೆ ಸಾಕು, ಮ್ಯಾನುಯಲ್ ಮೋಡ್ ಹೋಗಿ ಆಟೊಮ್ಯಾಟಿಕ್ ಆಗತ್ತೆ. ಒಂದು ಕತ್ತರಿ ಏಟು, ಅಷ್ಟೇ.

ಹಾಗಾಗಿ ನೆನಪಿಡಿ. ಸ್ಟಾರ್ಟ್ ಮಾಡೋ ವೈರ್‌ಗಳು ಯಾರಿಗಾದ್ರೂ ಬರತ್ತೆ: ಬ್ಯಾಟರಿ, ಇಗ್ನಿಶನ್, ಆಕ್ಸೆಸರಿ, ಸ್ಟಾರ್ಟರ್. ನೀವು ಕೇಳಬೇಕಾಗಿರೋದು ‘ಸ್ಟಾರ್ಟ್ ಬೇಡ’ ಅನ್ನೋ ವೈರ್‌ಗಳ ಬಗ್ಗೆ. ಅಂಥವು ಐದು.

ಒಂದು, ಬಾಗಿಲಿನ ವೈರ್. ನಾಲ್ಕೂ ಬಾಗಿಲು, ಜೊತೆಗೆ ಡಿಕ್ಕಿ. ಡ್ರೈವರ್ ಬಾಗಿಲಿಗೆ ಮಾತ್ರ ಕೊಟ್ರೆ, ಹಿಂದಿನ ಬಾಗಿಲಿಂದ ಹತ್ತಿದ ಮಗು ಗೇರ್ ಜೊತೆ ಆಡಿದ್ರೂ ಯೂನಿಟ್‌ಗೆ ಗೊತ್ತಾಗಲ್ಲ.

ಎರಡು, ಹ್ಯಾಂಡ್‌ಬ್ರೇಕ್ ವೈರ್. ಡ್ಯಾಶ್‌ಬೋರ್ಡಲ್ಲಿ ಕೆಂಪು ದೀಪ ಉರಿಸೋ ಸ್ವಿಚ್‌ಗೆ ಇದು ಸೇರಬೇಕು. ಕೆಲಸ ಬೇಗ ಮುಗಿಸೋರು ಇದನ್ನ ನೇರ ಬಾಡಿಗೆ ಅರ್ತ್ ಮಾಡಿಬಿಡ್ತಾರೆ. ಆಗ ಹ್ಯಾಂಡ್‌ಬ್ರೇಕ್ ಎಳೆದಿದ್ರೂ ಒಂದೇ, ಬಿಟ್ಟಿದ್ರೂ ಒಂದೇ. ಇನ್ನೊಂದು ವಿಷಯ: ಲಿವರ್ ಒಂದು ಹಲ್ಲು ಮೇಲೆ ಬಂದ್ರೂ ಆ ದೀಪ ಉರಿಯತ್ತೆ. ದೀಪ ಉರೀತಿದೆ ಅಂದ್ರೆ ಬ್ರೇಕ್ ಹಿಡಿದಿದೆ ಅಂತ ಅರ್ಥ ಅಲ್ಲ. ಕೇಬಲ್ ಸಡಿಲ ಇದ್ರೆ ಮೊದಲು ಅದನ್ನ ಸರಿ ಮಾಡಿಸಿ.

ಮೂರು, ಬ್ರೇಕ್ ಪೆಡಲ್ ವೈರ್. ರಿಮೋಟಲ್ಲಿ ಓಡ್ತಿರೋ ಕಾರಿಗೆ ಯಾರಾದ್ರೂ ಹತ್ತಿ, ಕೀ ಇಲ್ಲದೇ ಬ್ರೇಕ್ ಒತ್ತಿದ್ರೆ ಎಂಜಿನ್ ಆಫ್ ಆಗಬೇಕು. ಕಳ್ಳತನಕ್ಕೂ ಇದೇ ತಡೆ.

ನಾಲ್ಕು, ಬಾನೆಟ್ ಸ್ವಿಚ್. ಮೆಕ್ಯಾನಿಕ್ ಬೆಲ್ಟ್ ಹತ್ತಿರ ಕೈ ಹಾಕಿದ್ದಾಗ, ಮನೆಯೊಳಗೆ ರಿಮೋಟ್ ಯಾರದೋ ಕೈಗೆ ಸಿಕ್ರೆ? ಬಾನೆಟ್ ತೆರೆದಿದ್ರೆ ಸ್ಟಾರ್ಟ್ ಆಗಲೇಬಾರದು.

ಐದು, ಎಂಜಿನ್ ವೇಗ ತಿಳಿಸೋ ವೈರ್, ಟ್ಯಾಕೊ ಅಂತಾರೆ. ಎಂಜಿನ್ ಹತ್ತಿಕೊಂಡ ತಕ್ಷಣ ಸ್ಟಾರ್ಟರ್ ಬಿಡಿಸೋದು ಇದೇ. ಓಡೋ ಎಂಜಿನ್ ಅತಿ ವೇಗಕ್ಕೆ ಹೋದ್ರೆ ನಿಲ್ಲಿಸೋಕೂ ಇದು ಬೇಕು.

ಕೂಡಿಸೋ ರೀತೀನೂ ನೋಡಿ. ಬ್ಯಾಟರಿ ನೆಗೆಟಿವ್ ತೆಗೆದು ಕೆಲಸ ಮಾಡಬೇಕು. ವೈರ್ ಹುಡುಕೋಕೆ ಮಲ್ಟಿಮೀಟರ್ ಹಿಡೀಬೇಕು, ಬಲ್ಬ್ ಟೆಸ್ಟರ್ ಚುಚ್ಚೋದು ಈಗಿನ ಎಲೆಕ್ಟ್ರಾನಿಕ್ ಕಾರಿಗೆ ಒಳ್ಳೇದಲ್ಲ. ಇಗ್ನಿಶನ್, ಸ್ಟಾರ್ಟರ್ ವೈರ್‌ಗಳಲ್ಲಿ ಹೆಚ್ಚು ಕರೆಂಟ್ ಹರಿಯತ್ತೆ. ಅಲ್ಲಿ ವೈರ್ ತಿರುಚಿ ಟೇಪ್ ಸುತ್ತಿದ್ರೆ ಬಿಸಿಯಾಗತ್ತೆ, ಒಂದಿನ ಬೆಂಕಿಗೂ ದಾರಿ. ಸೋಲ್ಡರ್ ಮಾಡಿ ಮೇಲೆ ಸ್ಲೀವ್ ಹಾಕಬೇಕು, ಬ್ಯಾಟರಿ ಕಡೆಯ ಪ್ರತಿ ವೈರ್‌ಗೂ ಫ್ಯೂಸ್ ಇರಬೇಕು. ಸ್ಟೀರಿಂಗ್ ಕೆಳಗೆ ಹಳದಿ ಕವಚದ ವೈರ್ ಕಂಡ್ರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗ್‌ದು, ಮುಟ್ಟಲೇಬಾರದು. ಕಾರು ವಾರಂಟಿಯಲ್ಲಿದ್ರೆ, ವೈರಿಂಗ್ ಕತ್ತರಿಸಿದ ಮೇಲೆ ಎಲೆಕ್ಟ್ರಿಕಲ್ ಕ್ಲೇಮ್ ಕಷ್ಟ ಅನ್ನೋದನ್ನೂ ಲೆಕ್ಕಕ್ಕೆ ಹಿಡೀರಿ.

ಕೀ ಒಳಗಿನ ಚಿಪ್ ಕತೆ ಬೇರೆ. ಆ ಚಿಪ್ ಹತ್ತಿರ ಇಲ್ಲದೇ ಎಂಜಿನ್ ಓಡಲ್ಲ. ಅದಕ್ಕೆ ಕೆಲವು ಅಂಗಡಿಯವರು ನಿಮ್ಮ ಎರಡನೇ ಕೀಯನ್ನೇ ಡ್ಯಾಶ್‌ಬೋರ್ಡ್ ಒಳಗೆ ಬಚ್ಚಿಡ್ತಾರೆ. ಕಾರು ಕಳುವಾದ್ರೆ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಕೇಳೋದು ಎರಡೂ ಕೀ. ಒಂದು ಕಾರ್ ಜೊತೆಗೇ ಹೋಗಿದೆ ಅಂತ ಹೇಳಿ ನೋಡಿ, ಕ್ಲೇಮ್ ಏನಾಗತ್ತೆ ಅಂತ ನಾನು ಹೇಳಬೇಕಾಗಿಲ್ಲ.

ಕೆಲಸ ಮುಗಿದ ಮೇಲೆ ದುಡ್ಡು ಕೊಡೋ ಮುಂಚೆ ಪರೀಕ್ಷೆ ಮಾಡಿ. ಸಮತಟ್ಟು ಜಾಗ, ಕಾರಿನ ಹಿಂದೆ ಮುಂದೆ ಯಾರೂ ಇರಬಾರದು, ಗೇರ್ ನ್ಯೂಟ್ರಲ್ಲಲ್ಲೇ ಇರಲಿ. ಗೇರಲ್ಲಿ ಹಾಕಿ ಪರೀಕ್ಷೆ ಮಾಡೋ ಸಾಹಸ ಬೇಡ. ಮೊದಲು ರಿಸರ್ವೇಶನ್ ಮಾಡದೇ, ಮಾಮೂಲಿ ಥರ ಕೀ ತೆಗೆದು ಇಳಿದು ರಿಮೋಟ್ ಒತ್ತಿ. ಸ್ಟಾರ್ಟ್ ಆಗಬಾರದು. ಆಮೇಲೆ ರಿಸರ್ವೇಶನ್ ಮಾಡಿ, ಒಂದೊಂದೇ ಬಾಗಿಲು ತೆರೆದು ಹಾಕಿ ಒತ್ತಿ. ಪ್ರತಿ ಬಾಗಿಲಿಗೂ ಹೊಸದಾಗಿ ರಿಸರ್ವೇಶನ್ ಮಾಡಿ ನೋಡಬೇಕು, ಡಿಕ್ಕಿಗೂ ಬಾನೆಟ್‌ಗೂ ಅಷ್ಟೇ. ಒಂದು ಸಲಾನೂ ಸ್ಟಾರ್ಟ್ ಆಗಬಾರದು. ಕೊನೆಗೆ ಒಳಗೊಬ್ಬರನ್ನ ಕೂರಿಸಿ, ಹ್ಯಾಂಡ್‌ಬ್ರೇಕ್ ಇಳಿಸಿ ಒಮ್ಮೆ, ಓಡುವಾಗ ಬ್ರೇಕ್ ಒತ್ತಿ ಒಮ್ಮೆ ನೋಡಿ. ಹತ್ತಿಪ್ಪತ್ತು ನಿಮಿಷದ ಕೆಲಸ. “ಇದೆಲ್ಲಾ ಬೇಡ ಸರ್” ಅಂತ ಅಂಗಡಿಯವರು ಅಂದ್ರೆ ಕೀ ಇಸ್ಕೊಂಡು ಮನೆಗೆ ಬನ್ನಿ.

ಎಲ್ಲಾ ಸರಿಯಾಗಿ ಹಾಕಿಸಿದ್ರೂ ಎಲ್ಲಾ ಕಡೆ ಬಳಸೋಕೆ ಆಗಲ್ಲ. ಇಳಿಜಾರಲ್ಲಿ ಬೇಡ. ಮಡಿಕೇರಿ, ಸಕಲೇಶಪುರದ ಕಡೆ ಇರೋರು ಈ ಕಿಟ್ ಮರೆತುಬಿಡಿ. ಅಲ್ಲಿ ಗೇರಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಡೋದೇ ಸರಿ. ಗ್ಲಾಸ್ ಇಳಿಸಿ ನಿಲ್ಲಿಸಿದ್ರೆ ಬೇಡ, ಬಾಗಿಲು ತೆರೆಯದೇ ಕೈ ಹಾಕಿ ಗೇರ್ ಬದಲಾಯಿಸಬಹುದು. ಮುಚ್ಚಿದ ಗ್ಯಾರೇಜು, ಗಾಳಿಯಾಡದ ಬೇಸ್‌ಮೆಂಟಲ್ಲಂತೂ ಬೇಡವೇ ಬೇಡ. ಹೊಗೆಯಲ್ಲಿರೋ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳತ್ತೆ.

ಇನ್ನು ರಸ್ತೆ ಬದಿ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಸೆಕ್ಷನ್ ಓದಿ. ಸಾರ್ವಜನಿಕ ಜಾಗದಲ್ಲಿ ವಾಹನ ನಿಂತಿರಬೇಕು ಅಂದ್ರೆ, ಒಂದೋ ಡ್ರೈವರ್ ಸೀಟಲ್ಲಿ ಲೈಸೆನ್ಸ್ ಇರೋರು ಕೂತಿರಬೇಕು, ಇಲ್ಲಾ ಎಂಜಿನ್ ನಿಲ್ಲಿಸಿ, ವಾಹನ ತಾನಾಗಿ ಚಲಿಸದ ಹಾಗೆ ಬ್ರೇಕ್ ಹಾಕಿರಬೇಕು. ಆಫೀಸ್ ಮುಂದೆ ರಸ್ತೆಯಲ್ಲಿ ನಿಂತ ಕಾರನ್ನ ಮೇಲಿಂದ ಸ್ಟಾರ್ಟ್ ಮಾಡೋದು ಈ ಮಾತಿಗೆ ನೇರ ವಿರುದ್ಧ.

ಹಾಗಾದ್ರೆ ಉಳಿದಿದ್ದೇನು? ಸ್ವಂತ ಕಾಂಪೌಂಡ್, ಸಮತಟ್ಟು ನೆಲ, ತೆರೆದ ಗಾಳಿ, ಕಾರು ಕಣ್ಣಿಗೆ ಕಾಣೋ ದೂರ. ನಾನು ಕಾಮರ್ಸ್ ಓದಿದವನು, ಖರ್ಚು-ಲಾಭ ಎರಡು ಕಾಲಂ ಬರೆಯದೇ ಇರೋಕೆ ಆಗಲ್ಲ. ಈ ಜಾಗದಲ್ಲಿ ಸಿಗೋ ಐದು ನಿಮಿಷದ ತಂಪಿಗೆ ಕಿಟ್, ಕೂಲಿ, ವಾರಂಟಿ, ದಿನಾ ರಿಸರ್ವೇಶನ್ ಎಲ್ಲಾ ಸೇರಿಸಿದ್ರೆ ನನ್ನ ಲೆಕ್ಕ ತಾಳೆ ಆಗಲ್ಲ. ಮುಂದಿನ ಗಾಜಿಗೆ ಒಂದು ಸನ್‌ಶೇಡ್ ಇಡಿ. ಹತ್ತೋ ಮುಂಚೆ ಎರಡೂ ಕಡೆ ಬಾಗಿಲು ತೆರೆದು ಬಿಸಿಗಾಳಿ ಬಿಡಿ. ಒಂದು ನಿಮಿಷ ಗ್ಲಾಸ್ ಇಳಿಸಿ ಓಡಿಸಿ, ಆಮೇಲೆ ಗ್ಲಾಸ್ ಏರಿಸಿ ಎಸಿಯನ್ನ ಒಳಗಾಳಿಗೆ ಹಾಕಿ. ನಿಂತ ಕಾರಿಗಿಂತ ಓಡೋ ಕಾರಲ್ಲಿ ಎಸಿ ಬೇಗ ತಂಪು ಮಾಡತ್ತೆ.

ಮನೆಯಲ್ಲಿ ಹುಷಾರಿಲ್ಲದ ಹಿರಿಯರಿದ್ದಾರೆ, ಅವರು ಬಿಸಿ ಕಾರಲ್ಲಿ ಕೂರೋ ಹಾಗಿಲ್ಲ, ಹಾಕಿಸಲೇಬೇಕು ಅನ್ನೋರು ಇರ್ತೀರಿ. ಹಾಕಿಸಿ. ಆದರೆ ಅಂಗಡಿಯವರಿಗೆ ಮೊದಲ ಪ್ರಶ್ನೆ “ಎಷ್ಟು ದೂರದಿಂದ ಸ್ಟಾರ್ಟ್ ಆಗತ್ತೆ?” ಅಂತ ಬೇಡ. “ಯಾವ್ಯಾವಾಗ ಸ್ಟಾರ್ಟ್ ಆಗಲ್ಲ?” ಅಂತ ಕೇಳಿ. ಉತ್ತರ ತಡವರಿಸದೇ ಬಂದ್ರೆ ಮಾತ್ರ ಕೀ ಕೊಡಿ.

ನಿಮ್ಮ ಮನೇಲಿ ಈಗಾಗಲೇ ಇಂಥ ಕಿಟ್ ಇದ್ರೆ ಇವತ್ತೇ ಆ ಪರೀಕ್ಷೆ ಮಾಡಿ, ಏನಾಯ್ತು ಅಂತ ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ, ಹುಷಾರಾಗಿ ಓಡಿಸಿ.