ಊರಲ್ಲೇ ಮೊದಲ ಸಿನಿಮಾ

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ತೆಗೆದ ‘ತಿಥಿ’ ಚಿತ್ರವನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನೂರೊಂದು ವರ್ಷದ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಹನ್ನೊಂದನೆಯ ದಿನ ತಿಥಿ ಆಗಬೇಕು. ಅಷ್ಟರೊಳಗೆ ಮಗ, ಮೊಮ್ಮಗ, ಮರಿಮಗ ಮೂವರೂ ತಂತಮ್ಮ ದಾರಿ ಹಿಡಿದಿರುತ್ತಾರೆ. ನಟಿಸಿದವರು ಆ ಸೀಮೆಯ ಜನ, ಯಾರೂ ವೃತ್ತಿನಟರಲ್ಲ. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದಕ್ಕೆ ಪ್ರಶಸ್ತಿ ಬಂತು. ಮರುವರ್ಷ ನಮ್ಮ ಚಿತ್ರಮಂದಿರಗಳಲ್ಲೂ ಓಡಿತು.

ಆ ಚಿತ್ರದ ಹಿಂದೆ ಇದ್ದ ಜೋಡಿಯನ್ನು ಗಮನಿಸಿ. ನಿರ್ದೇಶಕ ರಾಮ್ ರೆಡ್ಡಿ ಪ್ರಾಗ್ ನಗರದಲ್ಲಿ ಸಿನಿಮಾ ಓದಿ ಬಂದವರು. ಅವರ ಜೊತೆ ಕೂತು ಕತೆ ಬರೆದ ಈರೇಗೌಡರು ಅದೇ ನೊದೆಕೊಪ್ಪಲಿನವರು. ಇಬ್ಬರೂ ಊರಿನ ಜನರನ್ನು ಕಂಡು, ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಪಾತ್ರಗಳನ್ನು ಕಟ್ಟಿದರು. ಪ್ರಾಗ್‌ನಿಂದ ಬಂದದ್ದು ಕಸುಬು. ಮಾತು, ಮುಖ, ಜಗಳ, ನಗೆ ಎಲ್ಲವೂ ಬಂದದ್ದು ನೊದೆಕೊಪ್ಪಲಿನಿಂದ.

ಊರಲ್ಲಿ ಕೂತು ಮೊದಲ ಸಿನಿಮಾ ಮಾಡಬೇಕೆಂದಿರುವ ನಿಮ್ಮ ಬಳಿ ಆ ಎರಡನೆಯ ಭಾಗ ಆಗಲೇ ಇದೆ. ಬೆಂಗಳೂರಿನ ನಿರ್ಮಾಪಕ ದುಡ್ಡು ಸುರಿದರೂ ಸುಲಭಕ್ಕೆ ಸಿಗದ ಭಾಗ ಅದು. ಇಲ್ಲದಿರುವುದು ಕಸುಬು. ಅದನ್ನು ಎಲ್ಲಿಂದ, ಯಾವ ಕ್ರಮದಲ್ಲಿ ಕಲಿಯಬೇಕು ಎನ್ನುವುದೇ ಇವತ್ತಿನ ಮಾತು.

ಮೊದಲು ಶಾಲೆಗಳ ವಿಷಯ. ಸಿನಿಮಾ ಛಾಯಾಗ್ರಹಣ ಕಲಿಸುವುದರಲ್ಲಿ ಕರ್ನಾಟಕ ಹಿಂದೆ ಬಿದ್ದ ನಾಡೇನಲ್ಲ. ಬೆಂಗಳೂರಿನ ಎಸ್‌ಜೆ ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಅದರ ತರಗತಿ ಶುರುವಾಗಿತ್ತು. ಗುರುದತ್ ಚಿತ್ರಗಳಿಗೆ ಬೆಳಕು ಕೊಟ್ಟ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಕಲಿತದ್ದು ಅಲ್ಲಿ, ಗೋವಿಂದ ನಿಹಲಾನಿ ಕಲಿತದ್ದೂ ಅಲ್ಲೇ. ಆ ಪರಂಪರೆಯ ಸರ್ಕಾರಿ ಸಂಸ್ಥೆ ಈಗ ಹೆಸರಘಟ್ಟದಲ್ಲಿದೆ. ಪುಣೆಯ ಸಿನಿಮಾ ಸಂಸ್ಥೆಯನ್ನು ಹೇಳುವುದೇ ಬೇಡ, ಗಿರೀಶ ಕಾಸರವಳ್ಳಿಯವರು ಓದಿದ್ದು ಅಲ್ಲಿ. ಮೈಸೂರಿನಲ್ಲಿ ವೈದ್ಯರಾಗಿದ್ದ ಚಿದಾನಂದ ನಾಯ್ಕ ಅವರು ಅಲ್ಲಿನ ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಕೊನೆಯಲ್ಲಿ, ನಮ್ಮ ಕೋಳಿ ಅಜ್ಜಿಯ ಜನಪದ ಕತೆಯನ್ನೇ ಎತ್ತಿಕೊಂಡು ಕಿರುಚಿತ್ರ ಮಾಡಿದರು. ಚಿತ್ರೀಕರಣಕ್ಕೆ ಸಿಕ್ಕಿದ್ದು 4 ದಿನ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಅದಕ್ಕೇ ಬಂತು. ಹೋಗಲು ಸಾಧ್ಯವಿದ್ದವರು ಇಂಥ ಕಡೆ ಖಂಡಿತ ಹೋಗಲಿ. ಆದರೆ ತೋಟ, ಅಂಗಡಿ, ಮನೆಯ ಹಿರಿಯರು ಎಂದು ಊರಿಗೆ ಕಟ್ಟುಬಿದ್ದವರು ಏನು ಮಾಡಬೇಕು?

ಮೊದಲು ಎಡಿಟಿಂಗ್ ಕಲಿಯಬೇಕು. ಕ್ಯಾಮೆರಾ ಕೊಳ್ಳುವ ಮುಂಚೆ. ಇದನ್ನು ಹೇಳಿದರೆ ಹುಡುಗರ ಮುಖ ಸಣ್ಣದಾಗುತ್ತದೆ, ಕ್ಯಾಮೆರಾ ಹಿಡಿಯುವ ಗತ್ತು ಕಂಪ್ಯೂಟರ್ ಮುಂದೆ ಕೂರುವುದರಲ್ಲಿ ಎಲ್ಲಿದೆ! ಆದರೆ ತೆಗೆಯದೆ ಬಿಟ್ಟ ಶಾಟ್ ಯಾವುದು ಎಂದು ತಿಳಿಯುವ ಜಾಗ ಎಡಿಟಿಂಗ್ ಮೇಜು ಒಂದೇ. ಇಬ್ಬರು ಜಗಲಿಯಲ್ಲಿ ಮಾತಾಡುತ್ತಿದ್ದಾರೆ ಎಂದುಕೊಳ್ಳಿ. ಮಾತಾಡುವವರನ್ನು ಎಲ್ಲರೂ ತೆಗೆಯುತ್ತಾರೆ. ಕೇಳಿಸಿಕೊಳ್ಳುತ್ತಿರುವವರ ಮುಖ, ಅಡಕೆ ಕತ್ತರಿಸುವ ಕೈ, ಒಳಗಿನಿಂದ ಇಣುಕುವ ಸೊಸೆ, ಇವನ್ನು ಹೊಸಬರು ಮರೆಯುತ್ತಾರೆ. ಆಮೇಲೆ ಮಾತು ಉದ್ದವಾಯಿತು, ಮಧ್ಯೆ ಕತ್ತರಿಸಬೇಕು ಎಂದರೆ ಹಾರಿ ಹೋಗಲು ಇನ್ನೊಂದು ಚಿತ್ರವೇ ಇರುವುದಿಲ್ಲ. ನಾಲ್ಕು ಸಲ ಹೀಗೆ ಸಿಕ್ಕಿಬಿದ್ದವರು ಐದನೆಯ ಸಲ ಜಾಗಕ್ಕೆ ಹೋದಾಗ ಕಣ್ಣೇ ಬೇರೆಯಾಗಿರುತ್ತದೆ. ಡಾವಿಂಚಿ ರಿಸಾಲ್ವ್ ಎಂಬ ತಂತ್ರಾಂಶದ ಉಚಿತ ಆವೃತ್ತಿ ಇದೆ, ಮೊದಲ ಚಿತ್ರಕ್ಕೆ ಅದು ಧಾರಾಳ ಸಾಕು. ಮದುವೆ ವಿಡಿಯೊ ಮಾಡುವವರ ಬಳಿ ಕೆಲವು ದಿನ ಕೂತು ಕಲಿತರೂ ಸರಿ. ಸಿನಿಮಾದವರು ಆ ಕೆಲಸವನ್ನು ಹಗುರವಾಗಿ ಕಾಣುವುದುಂಟು. ಮುಹೂರ್ತ ಯಾರಿಗೂ ಕಾಯುವುದಿಲ್ಲ, ತಾಳಿ ಕಟ್ಟುವುದಕ್ಕೆ ಎರಡನೆಯ ಟೇಕ್ ಇಲ್ಲ. ಅಲ್ಲಿ ಪಳಗಿದ ಕೈಗೆ ಚಿತ್ರೀಕರಣದ ಗಡಿಬಿಡಿ ಹೊಸದಲ್ಲ.

ಬೆಳಕಿನ ವಿಷಯದಲ್ಲಿ ಎರಡು ಮಾತು ಸಾಕು. ನಡುಮಧ್ಯಾಹ್ನದ ಬಿಸಿಲಲ್ಲಿ ಕಣ್ಣಿನ ಗುಳಿ ಕಪ್ಪಾಗುತ್ತದೆ, ಆಗ ಊಟ ಮಾಡಿ. ಬೆಳಿಗ್ಗೆ, ಸಂಜೆ ಕೆಲಸ ಮಾಡಿ. ಮನೆಯೊಳಗಾದರೆ ಬಾಗಿಲು, ಕಿಟಕಿ, ಹೆಂಚಿನ ನಡುವಿನ ಗಾಜಿನ ಹೆಂಚು, ಬೆಳಕು ಯಾವ ಕಡೆಯಿಂದ ಬರುತ್ತದೋ ನೋಡಿಕೊಂಡು ಆರ್ಟಿಸ್ಟನ್ನು ಅಲ್ಲಿಗೆ ಕೂರಿಸಿ. ಕತ್ತಲಾದ ಕೆನ್ನೆಗೆ ಎದುರಿನಿಂದ ಒಂದು ಥರ್ಮಕೋಲ್ ಹಲಗೆ ಹಿಡಿದರೆ ಆಯಿತು. ದೊಡ್ಡ ಸೆಟ್‌ಗಳಲ್ಲೂ ಹಿಡಿಯುವುದು ಅದನ್ನೇ. 1956ರ ‘ಅಪರಾಜಿತೊ’ ಚಿತ್ರಕ್ಕೆ ಛಾಯಾಗ್ರಾಹಕ ಸುಬ್ರತ ಮಿತ್ರ ಸ್ಟುಡಿಯೊದೊಳಗೆ ಕಾಶಿಯ ಮನೆಯಂಗಳದ ಬೆಳಕು ತರಲು ಸೆಟ್ಟಿನ ಮೇಲೆ ಬಿಳಿ ಬಟ್ಟೆ ಬಿಗಿದು, ದೀಪದ ಬೆಳಕನ್ನು ಅದಕ್ಕೆ ಬಡಿಸಿ ಕೆಳಗಿಳಿಸಿದರು. ನಿಮ್ಮ ಮನೆಯ ಬಿಳಿ ಪಂಚೆಯೂ ಅದೇ ಕೆಲಸ ಮಾಡುತ್ತದೆ. ಇನ್ನು, ಟ್ಯೂಬ್‌ಲೈಟ್ ಕೆಳಗೆ ಮೊಬೈಲಿನಲ್ಲಿ ತೆಗೆದಾಗ ಕಪ್ಪು ಪಟ್ಟೆಗಳು ಹರಿದಾಡುವುದನ್ನು ಕಂಡಿರುತ್ತೀರಿ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಶಟರ್ ವೇಗವನ್ನು ಸೆಕೆಂಡಿನ 50ನೇ ಒಂದು ಭಾಗಕ್ಕೆ ನಿಲ್ಲಿಸಿಕೊಂಡರೆ ಪಟ್ಟೆ ಹೋಗುತ್ತದೆ. ತಾನಾಗಿ ಹೊಂದಿಸಿಕೊಳ್ಳಲಿ ಎಂದು ಮೊಬೈಲಿಗೇ ಬಿಟ್ಟರೆ ಅದು ಬೆಳಕನ್ನೂ ಬಣ್ಣವನ್ನೂ ಶಾಟ್ ನಡುವೆಯೇ ಬದಲಿಸುತ್ತಾ ಹೋಗುತ್ತದೆ.

ಈಗ ಶಬ್ದ. ಇದು ಬಾನುಲಿ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುವ ಹಕ್ಕು ನನಗಿದೆ.

ಚಿತ್ರ ಸ್ವಲ್ಪ ಮಸುಕಾಗಿದ್ದರೆ ಪ್ರೇಕ್ಷಕ ಸಹಿಸುತ್ತಾನೆ. ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾನೆ. ಹೊಸಬರ ಚಿತ್ರಗಳು ಹೆಚ್ಚಾಗಿ ಸೋಲುವುದು ಇಲ್ಲೇ. ನಮ್ಮ ಸಿನಿಮಾಗಳು ಬಹುಕಾಲ ಡಬ್ಬಿಂಗ್ ಕೋಣೆಯಲ್ಲೇ ಮಾತಾಡಿದವು. ನಟ ತನ್ನದೇ ತುಟಿ ನೋಡಿಕೊಂಡು ಮತ್ತೆ ಮಾತು ಹೇಳುತ್ತಿದ್ದ. ವೃತ್ತಿನಟರಿಗೆ ಅದು ಅಭ್ಯಾಸ. ಆದರೆ ‘ತಿಥಿ’ಯಲ್ಲಿ ಸೆಂಚುರಿ ಗೌಡನ ಮಗನಾಗಿದ್ದ ಗಡ್ಡಪ್ಪನಂಥವರನ್ನು ಗಾಜಿನ ಕೋಣೆಯಲ್ಲಿ ನಿಲ್ಲಿಸಿ, ಹೆಡ್‌ಫೋನ್ ಹಾಕಿ, ಅದೇ ಮಾತನ್ನು ಅದೇ ಉಸಿರಿನಲ್ಲಿ ಹೇಳಿ ಎಂದರೆ ಆದೀತೆ? ಅವರ ಮಾತು ನಡಿಗೆಯ ಜೊತೆ, ಬೀಡಿಯ ಜೊತೆ ಹುಟ್ಟುವಂಥದ್ದು. ಊರಿನ ಜನರನ್ನಿಟ್ಟು ಚಿತ್ರ ಮಾಡುವವರಿಗೆ ಸಿಂಕ್ ಸೌಂಡ್, ಅಂದರೆ ಸ್ಥಳದಲ್ಲೇ ಮಾತನ್ನು ಹಿಡಿಯುವುದು ಅನಿವಾರ್ಯ.

ಹಾಗಿದ್ದರೆ ಹಿಡಿಯುವುದು ಹೇಗೆ? ಮೊಬೈಲಿನ ಮೈಕ್ ಕ್ಯಾಮೆರಾ ಇದ್ದಲ್ಲೇ ಇರುತ್ತದೆ, ಅಂದರೆ ಮಾತಾಡುವ ಬಾಯಿಂದ ಏಳೆಂಟು ಅಡಿ ದೂರ. ಅಷ್ಟರಲ್ಲಿ ಮಾತು ಸೊರಗಿ, ಫ್ಯಾನು, ಕಾಗೆ, ಬೈಕು ಎಲ್ಲ ಮುಂದೆ ಬಂದಿರುತ್ತವೆ. ಅದಕ್ಕೆ ಇನ್ನೊಂದು ಮೊಬೈಲಿಗೆ ಕಾಲರ್ ಮೈಕ್ ಸಿಕ್ಕಿಸಿ, ಫ್ಲೈಟ್ ಮೋಡಿಗೆ ಹಾಕಿ, ನಟನ ಜೇಬಿನಲ್ಲಿಡಿ. ಎರಡೂ ಓಡತೊಡಗಿದ ಮೇಲೆ ಕ್ಯಾಮೆರಾ ಮುಂದೆ ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ. ಎಡಿಟಿಂಗ್‌ನಲ್ಲಿ ಆ ಚಪ್ಪಾಳೆ ಎರಡೂ ಧ್ವನಿಪಟ್ಟಿಗಳಲ್ಲಿ ಚೂಪಾದ ಗೆರೆಯಾಗಿ ಕಾಣುತ್ತದೆ, ಎರಡನ್ನೂ ಒಂದರ ಕೆಳಗೊಂದು ಕೂರಿಸಿದರೆ ತುಟಿ, ಮಾತು ಕೂಡಿಕೊಳ್ಳುತ್ತವೆ. ಸೆಟ್ಟಿನಲ್ಲಿ ಹೊಡೆಯುವ ಕ್ಲ್ಯಾಪ್ ಹಲಗೆಯ ಮುಖ್ಯ ಕೆಲಸವೂ ಇದೇ. ಪೂಜೆಯ ದಿನ ಹೂ ಮುಡಿಸಿ ಫೋಟೊ ತೆಗೆಸಿಕೊಳ್ಳಲು ಮಾತ್ರ ಇರುವ ವಸ್ತು ಅದಲ್ಲ.

ಜಾಗ ನೋಡಲು ಹೋದಾಗ ಹತ್ತು ನಿಮಿಷ ಕಣ್ಣು ಮುಚ್ಚಿ ಕೂರಿ. ಚಿತ್ರೀಕರಣ ಮಾಡಲಿರುವ ಹೊತ್ತಿಗೇ ಹೋಗಿ. ಬಯಲುಸೀಮೆಯಾದರೆ ತ್ರೀಫೇಸ್ ಕರೆಂಟು ಬಂದ ಕೂಡಲೇ ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಹೊಡೆದುಕೊಳ್ಳುತ್ತವೆ. ಯಾವ ವಾರ ಎಷ್ಟು ಹೊತ್ತಿಗೆ ಕೊಡುತ್ತಾರೆ ಎಂದು ಲೈನ್‌ಮನ್ ಹತ್ತಿರ ಕೇಳಿಕೊಳ್ಳಿ. ಧನುರ್ಮಾಸದ ಬೆಳಗಿನ ಬೆಳಕು ಚೆಂದ, ಆದರೆ ಅದೇ ಹೊತ್ತಿಗೆ ದೇವಸ್ಥಾನದ ಮೈಕ್‌ಸೆಟ್ ಎದ್ದಿರುತ್ತದೆ. ಮನೆಯೊಳಗಾದರೆ ಫ್ರಿಜ್ ಆರಿಸಿ, ಫ್ಯಾನು ನಿಲ್ಲಿಸಿ. ಪ್ರತಿ ದೃಶ್ಯ ಮುಗಿದ ಮೇಲೆ ಎಲ್ಲರನ್ನೂ ನಿಂತಲ್ಲೇ ನಿಲ್ಲಿಸಿ, ಯಾರೂ ಮಾತಾಡದೆ ಅರ್ಧ ನಿಮಿಷ ಆ ಜಾಗದ ಸದ್ದನ್ನಷ್ಟೇ ಹಿಡಿಯಿರಿ. ಎರಡು ಮಾತುಗಳ ನಡುವೆ ಕತ್ತರಿಸಿದಾಗ ಹಿನ್ನೆಲೆಯ ಗಾಳಿ, ಜೀರುಂಡೆ ಕೂಡ ತುಂಡಾಗಿ ಕಿವಿಗೆ ಚುಚ್ಚುತ್ತದೆ. ಆ ತೂತಿಗೆ ತೇಪೆ ಹಾಕಲು ಈ ಅರ್ಧ ನಿಮಿಷವೇ ಬೇಕು. ಹೊಸಬರ ಗುಂಪಿನಲ್ಲಿ ಇದನ್ನು ಮಾಡಿಸುವುದು ಕಷ್ಟ, ಯಾರಾದರೊಬ್ಬರು ನಕ್ಕೇ ನಗುತ್ತಾರೆ.

ಇನ್ನು ನಟನೆ. ಉತ್ತರ ಕನ್ನಡದ ನಟೇಶ್ ಹೆಗಡೆ ತಮ್ಮ ಮೊದಲ ಪೂರ್ಣ ಚಿತ್ರ ‘ಪೆಡ್ರೊ’ದಲ್ಲಿ ಮುಖ್ಯ ಪಾತ್ರ ಕೊಟ್ಟಿದ್ದು ತಮ್ಮ ತಂದೆ ಗೋಪಾಲ ಹೆಗಡೆಯವರಿಗೆ. ತಂದೆ ನಿಜಜೀವನದಲ್ಲಿ ಎಲೆಕ್ಟ್ರಿಷಿಯನ್, ಪಾತ್ರವೂ ಎಲೆಕ್ಟ್ರಿಷಿಯನ್ನೇ. ಅದಕ್ಕೂ ಮೊದಲು ನಟೇಶ್ ‘ಕುರ್ಲಿ’ ಎಂಬ ಕಿರುಚಿತ್ರ ಮಾಡಿದ್ದರು. 2021ರಲ್ಲಿ ಬುಸಾನ್ ಚಿತ್ರೋತ್ಸವಕ್ಕೆ ಹೋದ ಚಿತ್ರ ‘ಪೆಡ್ರೊ’. ಮರುವರ್ಷ ಅದೇ ಬುಸಾನ್‌ನಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆದದ್ದು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’, ಕೊಪ್ಪಳ ಜಿಲ್ಲೆಯ ಯರೇಹಂಚಿನಾಳದಲ್ಲೇ ತೆಗೆದದ್ದು. ಇವರಿಂದ ಕಲಿಯಬೇಕಾದ್ದು ಏನೆಂದರೆ, ನಟನೆ ಗೊತ್ತಿಲ್ಲದವರ ಕೈಗೆ ಗೊತ್ತಿರುವ ಕೆಲಸ ಕೊಡುವುದು. ಕೈ ಕೆಲಸದಲ್ಲಿದ್ದರೆ ಮುಖ ತಾನಾಗಿ ಸಡಿಲವಾಗುತ್ತದೆ. ಬರೆದ ಮಾತನ್ನು ಬಾಯಿಪಾಠ ಮಾಡಿಸಬೇಡಿ. ಸಂದರ್ಭ ಹೇಳಿ, ಅವರ ಭಾಷೆಯಲ್ಲೇ ಮಾತು ಬರಲಿ. ನಿಮ್ಮ ಕಾಗದದ ಮಾತಿಗಿಂತ ಅದು ಬಹುಪಾಲು ಚೆನ್ನಾಗಿಯೇ ಇರುತ್ತದೆ.

ಒಂದು ವಿಷಯದಲ್ಲಿ ನಾನು ನಿಷ್ಠುರ. ಊರಿನವರು ತಾನೆ, ನೆಂಟರು ತಾನೆ ಎಂದು ಕೂಲಿ ತಪ್ಪಿಸುವುದು ಸರಿಯಲ್ಲ. ಗದ್ದೆ ಕೆಲಸ ಬಿಟ್ಟು ಬಂದವರಿಗೆ ಆ ದಿನದ ಕೂಲಿ, ಹೊತ್ತಿಗೆ ಸರಿಯಾಗಿ ಊಟ, ಒಂದು ಒಪ್ಪಿಗೆ ಪತ್ರ, ಇಷ್ಟು ಇರಲೇಬೇಕು. ನಾಟಿ, ಕೊಯ್ಲಿನ ಸುಗ್ಗಿಯಲ್ಲಿ ಚಿತ್ರೀಕರಣ ಇಟ್ಟುಕೊಳ್ಳಲೂಬೇಡಿ. ಹೊಲದಲ್ಲಿ ನಿಂತದ್ದೂ ಕ್ಯಾಮೆರಾಕ್ಕಾಗಿ ಕಾಯುವುದಿಲ್ಲ. ಸತ್ಯಜಿತ್ ರೇ ತಮ್ಮ ಮೊದಲ ಚಿತ್ರ ‘ಪಥೇರ್ ಪಾಂಚಾಲಿ’ಯ ಕಾಶ ಹೂವಿನ ದೃಶ್ಯದ ಒಂದು ಭಾಗ ತೆಗೆದು ಮುಂದಿನ ವಾರ ಹೋದರೆ ದನಗಳು ಹೂವನ್ನೆಲ್ಲ ಮೇದಿದ್ದವು. ಉಳಿದರ್ಧಕ್ಕೆ ಮುಂದಿನ ಹೂವಿನ ಕಾಲದವರೆಗೆ ಕಾಯಬೇಕಾಯಿತು. ಬೆಳೆದು ನಿಂತದ್ದನ್ನು ಹಿನ್ನೆಲೆಯಾಗಿಟ್ಟುಕೊಂಡರೆ ಒಂದೇ ಪಟ್ಟಿಗೆ ಮುಗಿಸಿಬಿಡಿ.

ದುಡ್ಡಿನ ಮಾತು. 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ನೂರಕ್ಕೂ ಹೆಚ್ಚು ಜನರಿಂದ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದರು. ಆದರೆ ಅದು ಅವರ ಮೊದಲ ಚಿತ್ರವಲ್ಲ, ಅದಕ್ಕೂ ಮುಂಚೆ ‘ಲೈಫು ಇಷ್ಟೇನೆ’ ನಿರ್ದೇಶಿಸಿದ್ದರು, ಜನಕ್ಕೆ ಅವರ ಕೈ ಗೊತ್ತಿತ್ತು. ಏನೂ ಮಾಡಿ ತೋರಿಸದೆ ಊರವರ ಹತ್ತಿರ ಚೀಟಿ ಎತ್ತಿದ ಹಾಗೆ ದುಡ್ಡು ಎತ್ತಬೇಡಿ. ಜಮೀನು ಅಡವಿಟ್ಟು ಮೊದಲ ಸಿನಿಮಾ ಮಾಡುವುದು ಶೌರ್ಯವಲ್ಲ, ಅವಿವೇಕ.

ಕಾಗದಪತ್ರದಲ್ಲಿ ಹಳ್ಳಿ ಚಿತ್ರಗಳು ಮುಗ್ಗರಿಸುವುದು ವಿಚಿತ್ರ ಕಡೆಯಲ್ಲಿ. ಚಿತ್ರಮಂದಿರದಲ್ಲಿ ತೋರಿಸಬೇಕಾದರೆ ಸೆನ್ಸಾರ್ ಪ್ರಮಾಣಪತ್ರ ಬೇಕು, ಇದು ಎಲ್ಲರಿಗೂ ಗೊತ್ತು. ಆದರೆ ಹಸು, ಎತ್ತು, ಕೋಳಿಗಳನ್ನು ಚಿತ್ರೀಕರಣದಲ್ಲಿ ಬಳಸಲು ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿಯನ್ನು ಮುಂಚಿತವಾಗಿಯೇ ಪಡೆಯಬೇಕು ಎನ್ನುವುದು ಬಹಳ ಜನರಿಗೆ ತಿಳಿಯುವುದು ಚಿತ್ರ ಮುಗಿದ ಮೇಲೆ. ಹಾಗೆಯೇ ಹಿನ್ನೆಲೆಯಲ್ಲಿ ಯಾರದೋ ಮನೆಯ ರೇಡಿಯೊದಿಂದ ಸಿನಿಮಾ ಹಾಡು ಕೇಳಿಸಿದರೆ ಅದಕ್ಕೂ ಹಕ್ಕು ಪಡೆಯಬೇಕು. ಈ ಮಾತನ್ನು ರೇಡಿಯೊದಲ್ಲೇ ಹೇಳುತ್ತಿದ್ದೇನೆ: ಚಿತ್ರೀಕರಣದ ಹೊತ್ತಿಗೆ ರೇಡಿಯೊ ಆರಿಸಿ.

ಒಂದು ಚಿತ್ರ ಮಾಡುವವರು ನೂರು ಚಿತ್ರವನ್ನಾದರೂ ಜೊತೆಗೂಡಿ ನೋಡಬೇಕು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಹಳ್ಳಿಗರಿಗಾಗಿ ನೀನಾಸಂ ಚಿತ್ರಸಮಾಜ ಕಟ್ಟಿದ್ದು 1973ರಲ್ಲಿ, ಜಗತ್ತಿನ ದೊಡ್ಡ ಚಿತ್ರಗಳನ್ನು ಅಡಕೆ ತೋಟದ ನಡುವೆ ತೋರಿಸಿದರು. ಆಗ ರೀಲಿನ ಡಬ್ಬಿಗಳನ್ನು ಹೊತ್ತು ತರಬೇಕಿತ್ತು. ಈಗ ಒಂದು ಪ್ರೊಜೆಕ್ಟರ್, ಒಂದು ಬಿಳಿ ಗೋಡೆ ಸಾಕು. ನೋಡಿ ಎದ್ದು ಹೋಗಬೇಡಿ, ಒಂದು ದೃಶ್ಯವನ್ನು ಮತ್ತೆ ಹಾಕಿ, ಶಬ್ದ ಆರಿಸಿ, ಎಷ್ಟು ಶಾಟ್ ಇವೆ, ಎಲ್ಲಿ ಕತ್ತರಿಸಿದ್ದಾರೆ ಎಂದು ಎಣಿಸಿ.

ಕೊನೆಗೆ ನಿಮಗೊಂದು ಮನೆಗೆಲಸ. ಈ ವಾರ ನಿಮ್ಮ ಊರಲ್ಲಿ ಕೈಕೆಲಸ ಮಾಡುವ ಒಬ್ಬರನ್ನು ಆರಿಸಿಕೊಳ್ಳಿ, ಕುಲುಮೆಯವರೋ ಹೊಲಿಗೆಯವರೋ ಯಾರಾದರೂ. ಇರುವ ಮೊಬೈಲಿನಲ್ಲೇ, ಅವರ ಒಪ್ಪಿಗೆ ಪಡೆದು, ಮೂರು ನಿಮಿಷದ ಚಿತ್ರ ಮಾಡಿ. ಶಬ್ದ ಬೇರೆ ಹಿಡಿಯಿರಿ, ಕೂತು ಜೋಡಿಸಿ, ಮೊದಲು ಅವರಿಗೇ ತೋರಿಸಿ. ಅಂಥ ಐದು ಚಿತ್ರ ಮುಗಿದ ಮೇಲೆ ಕತೆ ಬರೆಯಲು ಕೂರಿ, ಅದೂ ಮುಗಿದ ಮೇಲೆ ಬೇಕಿದ್ದರೆ ಕ್ಯಾಮೆರಾ ಬೆಲೆ ವಿಚಾರಿಸಿ.