ವಾದದ ಮೊದಲ ಪಾಠ

(ಬಾಗಲಕೋಟೆಯ ವಿದ್ಯಾರ್ಥಿಗಳ ಚರ್ಚಾಕೂಟದಲ್ಲಿ ಮಾಡಿದ ಭಾಷಣ)



ವಾದ ಮಾಡುವ ಬಗೆಯನ್ನು ಹೊಸಬರಿಗೆ ತಿಳಿಸಿರೆಂದು ನೀವು ನಮ್ಮನ್ನು ಕರೆದಿದ್ದೀರಿ. ವಕೀಲರು ವಾದ ಮಾಡಿಯೇ ಹೊಟ್ಟೆ ಹೊರೆಯುವವರಾದ್ದರಿಂದ ಅವರಿಗೆ ಇದು ತಿಳಿದಿರಲೇಬೇಕೆಂದು ನಿಮ್ಮ ಎಣಿಕೆಯಿದ್ದೀತು. ಎಷ್ಟು ತಿಳಿದಿದೆಯೆಂಬುದನ್ನು ಮುಂದೆ ನೀವೇ ನೋಡುವಿರಿ. ವಾದದ ಲಕ್ಷಣಗಳನ್ನು ಎಣಿಸುತ್ತ ಕುಳಿತರೆ ನಿಮಗೆ ನಿದ್ದೆ ಬಂದೀತು. ಕಳೆದ ಸಲ ಇದೇ ಕೂಟದಲ್ಲಿ ನಡೆದ ಚರ್ಚೆಯನ್ನು ನಾವು ಹಿಂದಿನ ಸಾಲಿನಲ್ಲಿ ಕುಳಿತು ಕೇಳಿದ್ದೆವು. ಅದನ್ನೇ ಹಿಡಿದುಕೊಂಡು ಮಾತಾಡುವದು ಲೇಸೆಂದು ತೋರುತ್ತದೆ.

ಕನ್ನಡನಾಡಿನ ಏಕೀಕರಣಕ್ಕೆ ನ್ಯಾಯವಾದ ಆಧಾರವೇನಿತ್ತು ಎಂಬುದು ಅಂದಿನ ವಿಷಯ. ಮೊದಲು ಎದ್ದ ತರುಣನ ಕಂಠ ಗಂಭೀರವಾಗಿತ್ತು. ಬಾದಾಮಿಯ ಇಮ್ಮಡಿ ಪುಲಕೇಶಿಯು ಉತ್ತರದ ಹರ್ಷನನ್ನು ಹಿಮ್ಮೆಟ್ಟಿಸಿದನು, ನರ್ಮದೆಯ ವರೆಗೆ ಆತನ ಆಜ್ಞೆ ನಡೆಯಿತು. ಆದಕಾರಣ ೧೯೫೬ನೆಯ ಇಸವಿಯ ನವೆಂಬರ ೧ರಂದು ಕನ್ನಡಿಗರಿಗೆ ದೊರೆತದ್ದು ಅವರ ಹಕ್ಕಿನದೇ ಎಂದು ಆತನು ಸಾರಿದನು. ಚಪ್ಪಾಳೆಗಳು ಬಹಳ ಬಿದ್ದವು. ನಾವೂ ತಟ್ಟಿದೆವು, ಅದನ್ನು ಮುಚ್ಚಿಡುವದಿಲ್ಲ. ಆಮೇಲೆ ಎದುರು ಪಕ್ಷದ ಹುಡುಗಿಯೊಬ್ಬಳು ಎದ್ದು, ಮೆಲುದನಿಯಲ್ಲಿ ಒಂದೇ ಪ್ರಶ್ನೆ ಕೇಳಿದಳು: “ಅರಸನು ಆಳಿದ ಮಾತ್ರಕ್ಕೆ ನೆಲವು ಅವನ ಭಾಷೆಯವರದಾಗುವದಾದರೆ, ೧೮೧೮ರಲ್ಲಿ ಇಂಗ್ಲಿಷರು ಬರುವ ಮುಂಚೆ ಈ ಬಾಗಲಕೋಟೆಯು ಪೇಶವೆಯವರ ಸತ್ತೆಯಲ್ಲಿತ್ತು. ಹಾಗಾದರೆ ಈ ಊರು ಯಾರದು?” ತರುಣನು ಏನೂ ಹೇಳಲಾರದೆ ಕುಳಿತುಬಿಟ್ಟನು.

ಆತನ ಪಕ್ಷವು ಸತ್ಯವಾದದ್ದು. ಆತನು ಹೇಳಿದ ಕಾರಣ ಮಾತ್ರ ನಿಲ್ಲತಕ್ಕದ್ದಾಗಿರಲಿಲ್ಲ. ಸುಳ್ಳಾದ ಪಕ್ಷಕ್ಕೆ ಕೆಟ್ಟ ವಾದ ಮಾಡಿದರೆ ನಷ್ಟವೇನಿಲ್ಲ, ಬೀಳಬೇಕಾದದ್ದು ಬೀಳುತ್ತದೆ. ನ್ಯಾಯವಾದ ಪಕ್ಷಕ್ಕೆ ಕೆಟ್ಟ ವಾದ ಮಾಡಿದರೆ ಕೇಳುವವರು ಪಕ್ಷವೇ ಕೆಟ್ಟದ್ದೆಂದು ತಿಳಿದು ಎದ್ದುಹೋಗುತ್ತಾರೆ. ಅಂದು ನಿಮ್ಮಲ್ಲಿ ಎಷ್ಟು ಜನ ಹಾಗೆ ತಿಳಿದು ಮನೆಗೆ ಹೋದಿರೋ ನಾವರಿಯೆವು.

ದೋಷವೆಲ್ಲಿತ್ತೆಂಬುದನ್ನು ನಮ್ಮ ಹಳೆಯ ನೈಯಾಯಿಕರ ರೀತಿಯಲ್ಲಿಯೇ ನೋಡೋಣ. ಗುಡ್ಡದ ಮೇಲೆ ಬೆಂಕಿಯಿದೆ ಎಂಬುದು ಪ್ರತಿಜ್ಞೆ. ಏಕೆಂದರೆ ಅಲ್ಲಿ ಹೊಗೆ ಕಾಣುತ್ತದೆ ಎಂಬುದು ಹೇತು. ಹೊಗೆಯಿದ್ದಲ್ಲೆಲ್ಲ ಬೆಂಕಿಯಿರುತ್ತದೆ, ಅಡಿಗೆಮನೆಯಲ್ಲಿ ಇದ್ದಂತೆ ಎಂಬುದು ಉದಾಹರಣೆ. ಉಪನಯ, ನಿಗಮನಗಳು ಇವನ್ನೇ ಕೂಡಿಸಿ ಮುಗಿಸುವಂಥವು; ಅವುಗಳಲ್ಲಿ ತಪ್ಪುವವರು ಕಡಿಮೆ. ಜೀವವಿರುವದು ‘ಇದ್ದಲ್ಲೆಲ್ಲ’ ಎಂಬ ಆ ಒಂದು ಮಾತಿನಲ್ಲಿ. ಅದಕ್ಕೆ ವ್ಯಾಪ್ತಿಯೆಂದು ಹೆಸರು. ನಮ್ಮ ತರುಣನ ವ್ಯಾಪ್ತಿ ಯಾವದು? ಅರಸನು ಆಳಿದಲ್ಲೆಲ್ಲ ನೆಲವು ಅವನ ಭಾಷೆಯವರದು. ಇದನ್ನು ಆತನು ಬಾಯಿ ಬಿಟ್ಟು ಹೇಳಿರಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡಿದ್ದನು. ಬಾಯಿ ಬಿಟ್ಟು ಹೇಳಿದ್ದರೆ ಪೇಶವೆಯವರು ತಾವಾಗಿಯೇ ಆತನ ನೆನಪಿಗೆ ಬರುತ್ತಿದ್ದರು. ಹುಡುಗಿಯು ಮಾಡಿದ್ದಿಷ್ಟೇ: ಆತನು ಹೇಳದೆ ಬಿಟ್ಟ ಮಾತನ್ನು ಆಕೆ ಹೇಳಿದಳು.

ಇಳಕಲ್ಲಿನ ನೇಕಾರರ ಮಕ್ಕಳು ಇಲ್ಲಿ ಕೆಲವರಿದ್ದೀರಿ. ನಿಮ್ಮ ಮನೆಯಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ರೇಶಿಮೆಯ ಹಾಸು ಬೇರೆ; ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಜೋಡಿಸುತ್ತಾರೆ. ತೋಪು ತೆನಿ ಎಂದು ಹೆಸರಾದದ್ದು ಅದೇ. ಒಡಲು ಚೆನ್ನಾಗಿದ್ದು, ಸೆರಗೂ ಚೆನ್ನಾಗಿದ್ದು, ಕುಣಿಕೆ ಸಡಿಲಾದರೆ ಸೀರೆಯ ಗತಿಯೇನು? ತರುಣನ ಹೇತುವಿನಲ್ಲಿ ಸುಳ್ಳಿಲ್ಲ, ಪುಲಕೇಶಿ ಗೆದ್ದದ್ದು ನಿಜ. ಆತನ ಪ್ರತಿಜ್ಞೆಯಲ್ಲಿಯೂ ಸುಳ್ಳಿಲ್ಲ. ಎರಡರ ನಡುವೆ ಕುಣಿಕೆ ಬಿದ್ದಿರಲಿಲ್ಲ.

ಇನ್ನು ಆಧಾರದ ಮಾತು. ಪುಲಕೇಶಿಯ ದಿಗ್ವಿಜಯವನ್ನು ನಾವು ತಿಳಿದದ್ದು ಹುನಗುಂದ ಸೀಮೆಯ ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿರುವ ಶಾಸನದಿಂದ. ಶಕ ೫೫೬, ಅಂದರೆ ಕ್ರಿ. ಶ. ೬೩೪-೩೫ರಲ್ಲಿ ರವಿಕೀರ್ತಿಯೆಂಬ ಕವಿ ಅದನ್ನು ರಚಿಸಿದನು. ನಿಮ್ಮಲ್ಲಿ ಅನೇಕರು ಆ ಗುಡ್ಡವನ್ನು ಹತ್ತಿರಬಹುದು. ಶಾಸನದಲ್ಲಿ ಏನಿದೆಯೆಂದು ಓದಿಕೊಂಡವರು ಕಡಿಮೆ. ಅದು ಸಂಸ್ಕೃತದಲ್ಲಿದೆ, ಕನ್ನಡದಲ್ಲಿಲ್ಲ. ಅದರಲ್ಲಿ ಪುಲಕೇಶಿಯು ತೊಂಬತ್ತೊಂಬತ್ತು ಸಾವಿರ ಹಳ್ಳಿಗಳ ಮೂರು ಮಹಾರಾಷ್ಟ್ರಕಗಳಿಗೆ ಒಡೆಯನಾದನೆಂದು ಹೇಳಿದೆ. ಚತುರನಾದ ಪ್ರತಿವಾದಿಯು ಈ ಒಂದು ಶಾಸನದಿಂದಲೇ ನಿಮ್ಮನ್ನು ಎರಡು ಸಲ ಕೆಡಹಬಲ್ಲನು. ಅದು ಆಸ್ಥಾನಕವಿಯ ಪ್ರಶಸ್ತಿಯೆಂಬುದನ್ನೂ ಮರೆಯಬಾರದು. ಸೋತವನ ಕವಿ ಬರೆದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಹಾಗೆಂದು ಆ ಶಾಸನದಿಂದ ಏನೂ ಸಿದ್ಧವಾಗುವದಿಲ್ಲವೆ? ಬೇಕಾದಷ್ಟು ಆಗುತ್ತದೆ. ರವಿಕೀರ್ತಿಯು ತನ್ನನ್ನು ಕಾಳಿದಾಸ ಭಾರವಿಗಳಿಗೆ ಸರಿಗಟ್ಟಿಕೊಂಡಿದ್ದಾನೆ. ಅದರಿಂದ ಕಾಳಿದಾಸನು ಕ್ರಿ. ಶ. ೬೩೪ಕ್ಕಿಂತ ಮೊದಲಿನವನೆಂದು ಪಂಡಿತರು ನಿಶ್ಚಯಿಸಿದರು. ಎಷ್ಟು ವರ್ಷ ಮೊದಲು? ನೂರೋ, ಏಳುನೂರೋ, ಆ ಕಲ್ಲು ಅದನ್ನು ಹೇಳುವದಿಲ್ಲ. ಹೇಳಿಸಲು ಹೋಗುವದು ಸಾಕ್ಷಿದಾರನ ಬಾಯಲ್ಲಿ ನಮ್ಮ ಮಾತು ತುರುಕಿದಂತೆ. ಆಧಾರವು ಎಷ್ಟು ಹೇಳುತ್ತದೆಯೋ ಅಷ್ಟನ್ನೇ ಪಡೆದು ನಿಲ್ಲುವದು ಹೊಸಬರಿಗೆ ಬಹು ಕಷ್ಟ. ನಮಗೂ ಇಷ್ಟು ವರ್ಷಗಳ ಮೇಲೆ ಸುಲಭವಾಗಿಲ್ಲ.

ಹಾಗಾದರೆ ತರುಣನು ಏನು ಹೇಳಬೇಕಾಗಿತ್ತು? ಈ ನೆಲದ ಜನ ಕನ್ನಡದವರೆಂಬುದಕ್ಕೆ ಅರಸನ ಗೆಲುವಿಗಿಂತ ಹತ್ತಿರದ ಆಧಾರ ಬಾದಾಮಿಯಲ್ಲಿಯೇ ಇತ್ತು. ಕೆರೆಯ ದಂಡೆಯ ಬಂಡೆಯ ಮೇಲಿನ ಕಪ್ಪೆ ಅರಭಟ್ಟನ ಶಾಸನ ಸುಮಾರು ಕ್ರಿ. ಶ. ೭೦೦ರದು, ಅದರಲ್ಲಿ ಕನ್ನಡ ತ್ರಿಪದಿಗಳಿವೆ. ನಮ್ಮ ಹೆಣ್ಣುಮಕ್ಕಳು ಬೀಸುವಾಗ ಹಾಡುತ್ತ ಬಂದ ಧಾಟಿಯದು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡನ್ನು ಹೇಳುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕಿಸುವೊಳಲು ಒಂದು. ಅದೇ ಇಂದಿನ ಪಟ್ಟದಕಲ್ಲು. ಇವು ಜನರ ನುಡಿಯನ್ನು ಕುರಿತ ಆಧಾರಗಳು. ಆದರೆ ಇವೂ ಅಂದಿನ ಮಾತು. ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯ ವರೆಗೆ ಕನ್ನಡನಾಡೆಂದಿತೆಂದು ಇಂದು ಗೋದಾವರಿಯ ದಂಡೆಯನ್ನು ಕೇಳಲು ಹೊರಟರೆ ನಮ್ಮನ್ನು ನೋಡಿ ನಕ್ಕಾರು.

ಏಕೀಕರಣದ ಗಟ್ಟಿಯಾದ ಹೇತು ಬದುಕಿರುವ ಜನರಲ್ಲಿತ್ತು. ಇಳಕಲ್ಲು ಮುಂಬಯಿ ಪ್ರಾಂತದಲ್ಲಿ, ನೆರೆಯ ಕುಷ್ಟಗಿ ನಿಜಾಮರ ರಾಜ್ಯದಲ್ಲಿ. ಎರಡೂ ಕಡೆ ಮನೆಯ ಮಾತು, ಸಂತೆಯ ಮಾತು ಕನ್ನಡವೇ. ಆದರೆ ಅತ್ತ ಸರಕಾರದ ಕಚೇರಿಯ ಭಾಷೆ ಉರ್ದು; ಇತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹೆಣಗಾಡುವ ತನಕ ಶಾಲೆಯಲ್ಲಿಯೂ ಮರಾಠಿ. ಪಶ್ಚಿಮಕ್ಕೆ ಹೋದರೆ ಮುಧೋಳ, ಜಮಖಂಡಿ ಸಂಸ್ಥಾನಗಳು. ರೈತನು ತನ್ನ ಹೊಲದ ಕಾಗದವನ್ನು ತಾನೇ ಓದಲಾರದ ಸ್ಥಿತಿ. ಯಾರ ವ್ಯವಹಾರವು ಅವರಿಗೆ ತಿಳಿಯದ ಭಾಷೆಯಲ್ಲಿ ನಡೆಯುವದೋ ಅವರಿಗೆ ನ್ಯಾಯ ದೊರೆಯುವದು ಕಷ್ಟ: ಈ ವ್ಯಾಪ್ತಿಯನ್ನು ಪೇಶವೆಯವರನ್ನು ಕರೆತಂದು ಮುರಿಯಲು ಬರುವದಿಲ್ಲ. ಪೇಶವೆಯವರ ಕಾಲದ ಕಥೆಯು ಅದನ್ನು ಇನ್ನಷ್ಟು ಬಲಪಡಿಸುತ್ತದೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಆಲೂರ ವೆಂಕಟರಾಯರು ೧೯೧೭ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿ ಕನ್ನಡಿಗರನ್ನು ಎಬ್ಬಿಸಿದರು. ಎಬ್ಬಿಸುವದಕ್ಕೆ ಗತವೈಭವ ಬೇಕು. ಆದರೆ ಪರರನ್ನು ಒಪ್ಪಿಸುವದಕ್ಕೆ ಅದೊಂದೇ ಸಾಲದು. ೧೯೨೮ರಲ್ಲಿ ಮೋತಿಲಾಲ ನೆಹರೂ ಅವರ ಸಮಿತಿಯ ಮುಂದೆ ಕರ್ನಾಟಕದ ಪ್ರತಿನಿಧಿಗಳು ಹೋದಾಗ ಇತಿಹಾಸ ಸಂಸ್ಕೃತಿಗಳ ಜೊತೆಗೆ ಅಂಕಿಸಂಖ್ಯೆಗಳನ್ನೂ ಒಯ್ದರು. ಪ್ರಾಂತವು ತನ್ನ ಖರ್ಚನ್ನು ತಾನು ಹೊರಬಲ್ಲುದೆಂದು ತೋರಿಸಿದರು. ತಾವು ಕೇಳಿದ ಪ್ರಶ್ನೆಗಳಿಗೆಲ್ಲ ಸಮಾಧಾನಕರವಾದ ಉತ್ತರ ಬಂದಿತೆಂದು ಸಮಿತಿಯು ತನ್ನ ವರದಿಯಲ್ಲಿ ಬರೆದು, ಕರ್ನಾಟಕದ ಪಕ್ಷ ಮೇಲ್ನೋಟಕ್ಕೆ ಬಲವಾದದ್ದೆಂದು ಒಪ್ಪಿತು. ಭಾಷಣ ಚೆನ್ನಾಗಿತ್ತೆಂದು ಹೊಗಳಿಸಿಕೊಳ್ಳುವದಕ್ಕಿಂತ ಇದು ಎಷ್ಟೋ ದೊಡ್ಡ ಹೊಗಳಿಕೆ. ಮೈಸೂರು ಸಂಸ್ಥಾನವನ್ನು ಕೂಡಿಸುವದರಲ್ಲಿ ತೊಡಕಿದೆಯೆಂಬ ಮಾತನ್ನೂ ಸಮಿತಿಯು ಮುಚ್ಚಿಡಲಿಲ್ಲ.

ಅಷ್ಟಾದರೂ ಕೆಲಸವಾಗಲಿಲ್ಲ. ೧೯೪೮ರ ಡಿಸೆಂಬರದಲ್ಲಿ ಧಾರ್ ಆಯೋಗವು ಭಾಷಾವಾರು ಪ್ರಾಂತಗಳೇ ಬೇಡವೆಂದಿತು. ೧೯೪೯ರಲ್ಲಿ ಜವಾಹರಲಾಲ, ವಲ್ಲಭಭಾಯಿ, ಪಟ್ಟಾಭಿ ಈ ಮೂವರ ಸಮಿತಿಯು ತಡೆಯಿರೆಂದಿತು. ದೇಶ ಈಗ ತಾನೇ ಒಡೆದಿದೆ, ಮತ್ತೆ ಭಾಷೆಯ ಗೋಡೆಗಳೇಕೆ ಎಂಬ ಅವರ ಭಯ ಪೊಳ್ಳಾದದ್ದಲ್ಲ. ಹಳೆಯ ಮೈಸೂರಿನಲ್ಲಿಯೂ ಒಪ್ಪದವರಿದ್ದರು. ಇವರನ್ನೆಲ್ಲ ದ್ರೋಹಿಗಳೆಂದು ಬೈಯುವದು ಸುಲಭವಿತ್ತು, ಬೈದವರೂ ಇದ್ದರು. ಬೈಗಳಿಗೆ ಉತ್ತರ ಕೊಡುವದು ಯಾರಿಗೂ ಅವಶ್ಯವಲ್ಲ. ಆದ್ದರಿಂದ ಬೈದವನ ವಾದ ಅಲ್ಲಿಗೇ ನಿಲ್ಲುತ್ತದೆ.

ಪೂರ್ವಪಕ್ಷವನ್ನು ಮೊದಲು ಹೇಳಿ ಆಮೇಲೆ ಸಿದ್ಧಾಂತಕ್ಕೆ ಬರುವದು ನಮ್ಮ ಶಾಸ್ತ್ರಕಾರರ ಪದ್ಧತಿ. ಪೂರ್ವಪಕ್ಷವನ್ನು ಹೇಗೆ ಹೇಳಬೇಕೆಂದರೆ ಪ್ರತಿವಾದಿಯು ಕೇಳಿ, “ಹೌದು, ನಾನು ಹೇಳುವದು ಇದನ್ನೇ” ಎನ್ನಬೇಕು. ಅವನ ಮಾತನ್ನು ಸೊಟ್ಟ ಮಾಡಿ ಹೇಳಿ ಖಂಡಿಸುವದು ಬೆದರುಗೊಂಬೆಯ ಕೂಡ ಕುಸ್ತಿ ಹಿಡಿದಂತೆ.

ನಮ್ಮದೇ ಒಂದು ತಪ್ಪನ್ನು ಹೇಳುತ್ತೇವೆ. ವಕೀಲಿ ಹಿಡಿದ ಹೊಸದರಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಒಬ್ಬ ರೈತನ ಪರಿಹಾರದ ಮೊಕದ್ದಮೆ ನಮ್ಮ ಕೈಗೆ ಬಂದಿತು. ಹೊಲವು ಘಟಪ್ರಭೆಯ ದಂಡೆಯ ಎರೆನೆಲ. ಪಕ್ಕದ ಹೊಲ ಹೆಚ್ಚಿನ ಬೆಲೆಗೆ ಮಾರಿದ್ದರ ಖರೀದಿಪತ್ರ ನಮ್ಮಲ್ಲಿತ್ತು, ಅದೊಂದೇ ಸಾಕಾಗಿತ್ತು. ನಮಗೆ ಸಾಕೆನಿಸಲಿಲ್ಲ. ಇನ್ನೂ ನಾಲ್ಕು ಕಾರಣಗಳನ್ನು ಸೇರಿಸಿದೆವು. ಹೊಲದ ಬಾವಿಯಲ್ಲಿ ಹನ್ನೆರಡು ತಿಂಗಳೂ ನೀರಿತ್ತೆಂಬುದು ಅವುಗಳಲ್ಲೊಂದು. ಎದುರಿನ ವಕೀಲರು ಖರೀದಿಪತ್ರವನ್ನು ಮುಟ್ಟಲೇ ಇಲ್ಲ, ಬಾವಿಗೆ ಇಳಿದರು. ನಮ್ಮ ಸಾಕ್ಷಿದಾರನೇ ಬೇಸಗೆಯಲ್ಲಿ ಬಾವಿ ಬತ್ತುತ್ತಿತ್ತೆಂದು ಒಪ್ಪಿಕೊಂಡನು. ಅಲ್ಲಿಂದ ಮುಂದೆ ನಮ್ಮ ಯಾವ ಮಾತೂ ನ್ಯಾಯಾಧೀಶರಿಗೆ ರುಚಿಸಲಿಲ್ಲ. ಪರಿಹಾರ ಹೆಚ್ಚಿತು, ಸಿಗಬೇಕಾದಷ್ಟು ಹೆಚ್ಚಲಿಲ್ಲ. ಹೊರಗೆ ಬಂದ ಮೇಲೆ ಆ ರೈತನು ಸಿಟ್ಟಿಗೇಳಲಿಲ್ಲ. “ಬಾವೀ ಮಾತು ಯಾಕ ತಗದ್ರಿ, ವಕೀಲ್ರ?” ಎಂದು ಕೇಳಿದನು. ಇಂದಿಗೂ ಉತ್ತರ ಹೊಳೆದಿಲ್ಲ.

ಹೇಳುವ ರೀತಿಯನ್ನು ಕುರಿತು ಹೆಚ್ಚು ಹೇಳಬೇಕಾದದ್ದಿಲ್ಲ. ಏನನ್ನು ಸಾಧಿಸುವಿರೆಂಬುದನ್ನು ಮೊದಲ ವಾಕ್ಯದಲ್ಲಿಯೇ ಹೇಳಿರಿ. ಕೇಳುವವರನ್ನು ಕತ್ತಲಲ್ಲಿ ನಡೆಸಬೇಡಿರಿ. ಅಂಕಿಗಳು ಎರಡು ಮೂರಿರಲಿ, ಅವು ಎಲ್ಲಿಯವೆಂಬುದು ನಾಲಗೆಯ ತುದಿಯಲ್ಲಿರಲಿ. ಊರ ಕಟ್ಟೆಯ ಹಿರಿಯರು “ಕಂಡದ್ದೋ, ಕೇಳಿದ್ದೋ?” ಎಂದು ಕೇಳುತ್ತಾರಲ್ಲ, ೧೮೭೨ರ ಸಾಕ್ಷ್ಯದ ಕಾನೂನು ಕೇಳಿದ್ದೂ ಅದನ್ನೇ, ೨೦೨೪ರಿಂದ ಅದರ ಜಾಗದಲ್ಲಿ ಬಂದ ಹೊಸ ಅಧಿನಿಯಮವೂ ಆ ತತ್ತ್ವವನ್ನು ಬಿಟ್ಟಿಲ್ಲ. ಹೇಳುವವನ ಮೇಲೆಯೇ ಸಿದ್ಧಪಡಿಸುವ ಭಾರ. ತಿಳಿಯದ್ದನ್ನು ಕೇಳಿದರೆ ತಿಳಿಯದೆಂದು ಒಪ್ಪಿಕೊಳ್ಳಿರಿ. ಕಂಠವನ್ನು ಏರಿಸುವ ಚಟ ಮಾತ್ರ ನಮ್ಮ ಕಡೆಯವರಿಗೆ ಹುಟ್ಟಿನಿಂದಲೇ ಬಂದದ್ದು, ಅದಕ್ಕೆ ಮದ್ದಿಲ್ಲ!

ಬರುವ ಭಾನುವಾರದ ವಿಷಯವನ್ನು ನಾವೇ ಸೂಚಿಸುತ್ತೇವೆ. ಮಹಾಜನ ಆಯೋಗವು ೧೯೬೭ರಲ್ಲಿ ಕೊಟ್ಟ ವರದಿಯನ್ನು ಜಾರಿಗೆ ತರಬೇಕೆಂದು ನಮ್ಮಲ್ಲಿ ಎಲ್ಲರೂ ಹೇಳುತ್ತಾರೆ. ಬೆಳಗಾವಿ ಕರ್ನಾಟಕದಲ್ಲಿಯೇ ಉಳಿಯಲಿ, ಚಂದ್ರಗಿರಿ ಹೊಳೆಯ ಉತ್ತರದ ಕಾಸರಗೋಡು ಕರ್ನಾಟಕಕ್ಕೆ ಬರಲಿ ಎಂದು ಆ ವರದಿಯಲ್ಲಿದೆ. ಇದನ್ನು ನೀವೆಲ್ಲ ಬಲ್ಲಿರಿ. ೨೪೭ ಊರುಗಳನ್ನು ಮಹಾರಾಷ್ಟ್ರದಿಂದ ನಾವು ಪಡೆದು ೨೬೪ ಊರುಗಳನ್ನು ಅವರಿಗೆ ಬಿಟ್ಟುಕೊಡಬೇಕೆಂದೂ ಅದೇ ವರದಿಯಲ್ಲಿದೆ; ಇದನ್ನು ವೇದಿಕೆಯ ಮೇಲೆ ಹೇಳಿದವರನ್ನು ನಾವು ಕಂಡದ್ದು ಅಪರೂಪ. ಪುಲಕೇಶಿಯ ಪರವಾಗಿ ಮಾತಾಡಿದ ತರುಣನು ವರದಿಯು ಬೇಡವೆನ್ನುವ ಪಕ್ಷವನ್ನು ವಹಿಸಲಿ. ಪೇಶವೆಯವರನ್ನು ಕರೆತಂದ ಹುಡುಗಿಯು ಬೇಕೆನ್ನುವ ಪಕ್ಷವನ್ನು ವಹಿಸಲಿ. ವರದಿಯನ್ನು ಮೊದಲಿನಿಂದ ಕೊನೆಯ ವರೆಗೆ ಇಬ್ಬರೂ ಓದಿಕೊಂಡು ಬರಬೇಕು. ನಾವು ಹಿಂದಿನ ಸಾಲಿನಲ್ಲಿಯೇ ಕುಳಿತಿರುತ್ತೇವೆ, ಈ ಸಲ ಚಪ್ಪಾಳೆ ತಟ್ಟುವದಕ್ಕೆ ಅವಸರ ಮಾಡುವದಿಲ್ಲ.